ಗೋವಾದ 70.3ಕ್ಕೆ ಮೊದಲ ಸಲ ಇಳಿಯುವವರಿಗೆ: ಕಟ್‌ಆಫ್, ಸೆಕೆ, ಉಪ್ಪಿನ ಲೆಕ್ಕ

1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಮೈಲಿಯಲ್ಲಿ 70.3. ಪಣಜಿಯ ಮಿರಾಮಾರ್ ಬೀಚ್‌ನಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಗೋವಾ ನಮ್ಮ ಕಡೆಯವರಿಗೆ ಹತ್ತಿರದ ರೇಸ್. ಸೈಕಲ್ಲನ್ನು ವಿಮಾನಕ್ಕೆ ಹಾಕದೆ ಕಾರಿಗೆ ಕಟ್ಟಿಕೊಂಡೇ ಹೋಗಬಹುದು. ಮೊದಲ ಸಲದವರಿಗೆ ಈಜಿನದೇ ಭಯ. ಅದು ತಪ್ಪೇನಲ್ಲ. ಆದರೆ ಈಜು ಮುಗಿಸಿ ಬಂದವರ ರೇಸ್ ಕೆಡುವುದು ಸಾಮಾನ್ಯವಾಗಿ ಸೈಕಲ್ಲಿನ ಕೊನೆಯ ಒಂದು ಗಂಟೆಯಲ್ಲಿ, ಇಲ್ಲವೇ ಓಟದ ಮೊದಲ ಐದು ಕಿಲೋಮೀಟರಿನಲ್ಲಿ. ಕಾರಣ ಎರಡೇ: ಸೆಕೆಗೆ ಹೊಂದಿಕೊಳ್ಳದ ದೇಹ, ಲೆಕ್ಕವಿಲ್ಲದೆ ತಿಂದು ಕುಡಿದದ್ದು. ಎರಡನ್ನೂ ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಮೊದಲು ಗಡಿಯಾರ

ಕಟ್‌ಆಫ್ ಅಂದರೆ ಮೀರಿದರೆ ರೇಸಿನಿಂದ ಹೊರಗೆ ಹಾಕುವ ಗಡುವು. 70.3 ರೇಸ್‌ಗಳಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಸುವ ಹೊತ್ತಿಗೆ ಒಟ್ಟು 5 ಗಂಟೆ 30 ನಿಮಿಷ, ಓಟ ಮುಗಿಸಲು ಒಟ್ಟು 8 ಗಂಟೆ 30 ನಿಮಿಷ ಸಿಗುತ್ತದೆ. ಆ ವರ್ಷದ ಅಥ್ಲೀಟ್ ಗೈಡ್‌ನಲ್ಲಿ ಇರುವುದೇ ಅಂತಿಮ, ಅದನ್ನು ಎರಡು ಸಲ ಓದಿ. ಈ ಅಂಕಿಗಳನ್ನು ವೇಗಕ್ಕೆ ಇಳಿಸಿ ನೋಡಿದರೆ ತಯಾರಿ ಎಲ್ಲಿ ಕಮ್ಮಿ ಬಿದ್ದಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಈಜಿನ ಗಡುವು 100 ಮೀಟರಿಗೆ 3 ನಿಮಿಷ 41 ಸೆಕೆಂಡು. ಈಜಿಗೆ 60 ನಿಮಿಷ, ಬಟ್ಟೆ-ಶೂ ಬದಲಾಯಿಸುವ ಮೊದಲ ಟ್ರಾನ್ಸಿಷನ್‌ಗೆ 8 ನಿಮಿಷ ಹೋದರೆ ಸೈಕಲ್ಲಿಗೆ 4 ಗಂಟೆ 22 ನಿಮಿಷ ಉಳಿಯುತ್ತದೆ, ಅಂದರೆ ಗಂಟೆಗೆ 20.6 ಕಿ.ಮೀ. ಸರಾಸರಿ. ಸೈಕಲ್ಲನ್ನು ಗಡುವಿನ ಕೊನೆಯ ಕ್ಷಣಕ್ಕೆ ಮುಗಿಸಿ, ಎರಡನೇ ಟ್ರಾನ್ಸಿಷನ್‌ಗೆ 6 ನಿಮಿಷ ಕೊಟ್ಟರೆ, ಓಟದಲ್ಲಿ ಕಿಲೋಮೀಟರಿಗೆ 8 ನಿಮಿಷ 15 ಸೆಕೆಂಡು.

ಈ ಅಂಕಿ ಕಾಗದದ ಮೇಲೆ ಧಾರಾಳವಾಗಿ ಕಾಣುತ್ತದೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದೇ ರೇಸನ್ನು ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ. ಗಡುವಿಗೆ ಎರಡೂವರೆ ನಿಮಿಷವಷ್ಟೇ ಬಾಕಿ. ಒಂದು ಪಂಕ್ಚರ್ ಇಡೀ ರೇಸನ್ನು ತಿಂದುಹಾಕುವ ಅಂತರ ಅದು. ಹಾಗಾಗಿ ತಯಾರಿಯ ಗುರಿಯನ್ನು ಗಡುವಿಗಿಂತ ಕನಿಷ್ಠ 30 ನಿಮಿಷ ಮುಂಚೆ ಇಟ್ಟುಕೊಳ್ಳಿ: ಈಜುಕೊಳದಲ್ಲಿ 100 ಮೀಟರಿಗೆ 3 ನಿಮಿಷದ ಒಳಗೆ, ಸೈಕಲ್ಲಿನಲ್ಲಿ ಗಂಟೆಗೆ 24 ಕಿ.ಮೀ.

ಹದಿನೆಂಟು ವಾರ ಮತ್ತು ಮಳೆಗಾಲ

ನಿಲ್ಲದೆ 400 ಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ ಬೇರೆ ಬೇರೆ ದಿನಗಳಲ್ಲಿ ಸಲೀಸಾಗಿ ಆಗುತ್ತಿದ್ದರೆ 18 ವಾರ ಸಾಕು. ಈಜೇ ಬರದವರು ಇದಕ್ಕೂ ಮೊದಲು ಆರು ತಿಂಗಳು ಅದಕ್ಕೇ ಇಡಬೇಕು. ವಾರಕ್ಕೆ 8ರಿಂದ 10 ಗಂಟೆ: ಮೂರು ಈಜು, ಎರಡು ಅಥವಾ ಮೂರು ಸೈಕಲ್, ಮೂರು ಓಟ. ಹತ್ತನೇ ವಾರದಿಂದ ಪ್ರತಿ ಶನಿವಾರವೋ ಭಾನುವಾರವೋ ಬ್ರಿಕ್, ಅಂದರೆ ಸೈಕಲ್ ಇಳಿದ ಹತ್ತು ನಿಮಿಷದೊಳಗೆ ಓಟ. ಮೊದಲು 40 ಕಿ.ಮೀ. ಸೈಕಲ್ ಜೊತೆ 3 ಕಿ.ಮೀ. ಓಟ, ಕೊನೆಗೆ 80ರ ಜೊತೆ 6. ಅತಿ ದೂರದ ಅಭ್ಯಾಸ ಎಂದರೆ ಈಜು 2,200 ಮೀಟರ್, ಸೈಕಲ್ 100 ಕಿ.ಮೀ., ಓಟ 18 ಕಿ.ಮೀ. ಕೊನೆಯ ಎರಡು ವಾರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ವೇಗವನ್ನು ಹಾಗೇ ಇಡಿ. ನಲವತ್ತು ದಾಟಿದವರು, ಮನೆಯಲ್ಲಿ ಹೃದಯದ ತೊಂದರೆ ಇರುವವರು ಶುರುಮಾಡುವ ಮುಂಚೆಯೇ ವೈದ್ಯರಿಗೆ ತೋರಿಸಿ, ಇಸಿಜಿ ಮಾಡಿಸಿಕೊಳ್ಳಿ.

ರೇಸ್ ಇರುವುದು ಅಕ್ಟೋಬರ್ ಅಥವಾ ನವೆಂಬರಿನಲ್ಲಿ. ಅಂದರೆ ತಯಾರಿಯ ಬಹುಭಾಗ ಮಳೆಗಾಲದಲ್ಲಿ ಬೀಳುತ್ತದೆ, ಆಗ ಕರಾವಳಿಯಲ್ಲಿ ಸಮುದ್ರಕ್ಕೆ ಇಳಿಯುವ ಹಾಗೇ ಇಲ್ಲ. ಸಮುದ್ರದ ಅಭ್ಯಾಸ ಬೇಕಿದ್ದರೆ ಮೇ ತಿಂಗಳ ಒಳಗೆ ಒಂದೆರಡು ಸಲ, ಆಮೇಲೆ ಕಡಲು ಶಾಂತವಾದ ಮೇಲೆ ಇನ್ನೊಂದೆರಡು ಸಲ. ಒಬ್ಬರೇ ಇಳಿಯಬೇಡಿ, ನೀರು ಬಲ್ಲ ಸ್ಥಳೀಯರ ಜೊತೆ, ಸೊಂಟಕ್ಕೆ ದೂರಕ್ಕೂ ಕಾಣುವ ಬಣ್ಣದ ತೇಲುಚೀಲ (ಸ್ವಿಮ್ ಬೋಯಾ) ಕಟ್ಟಿಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ. ಈಜುಕೊಳದಲ್ಲೇ ಮಾಡಬಹುದಾದ್ದೂ ಬೇಕಾದಷ್ಟಿದೆ: ಗೋಡೆ ಒದೆಯದೆ ತಿರುಗುವುದು, ಒಂದೇ ಲೇನ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಈಜುವುದು, ಪ್ರತಿ ಎಂಟು ಕೈಗೆ ಒಮ್ಮೆ ತಲೆಯೆತ್ತಿ ಗುರಿ ನೋಡುವುದು. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ, ಸುಸ್ತು ಎರಡರಷ್ಟು. ಕಣ್ಣು ಮಾತ್ರ ನೀರಿನ ಮೇಲೆ ಬರಲಿ. ಉಸಿರನ್ನು ಎಂದಿನಂತೆ ಪಕ್ಕಕ್ಕೆ ತಿರುಗಿ ತೆಗೆದುಕೊಳ್ಳಿ.

ಬೆಂಗಳೂರಿನ ತಂಪಿನಿಂದ ಗೋವಾದ ಸೆಕೆಗೆ

ಬೆಂಗಳೂರು, ಮೈಸೂರಿನಲ್ಲಿ ಬೆಳಗಿನ ಐದೂವರೆಗೆ ಸೈಕಲ್ ಹತ್ತುವವರಿಗೆ 20 ಡಿಗ್ರಿಯ ಗಾಳಿ ಅಭ್ಯಾಸ. ಗೋವಾದಲ್ಲಿ ಓಟ ಶುರುವಾಗುವುದು ಹತ್ತು-ಹನ್ನೊಂದು ಗಂಟೆಯ ಬಿಸಿಲಿಗೆ, 30 ಡಿಗ್ರಿ ದಾಟಿದ ಮೇಲೆ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡದು. ಆಗ ಚರ್ಮಕ್ಕೆ ರಕ್ತ ಹರಿಸುವ ಕೆಲಸವೂ ಹೃದಯದ ಮೇಲೇ ಬಿದ್ದು, ಅದೇ ವೇಗಕ್ಕೆ ಎದೆಬಡಿತ ಹತ್ತು-ಹದಿನೈದು ಹೆಚ್ಚಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದವರಿಗೆ ಇಲ್ಲಿ ನಿಜವಾದ ಲಾಭವಿದೆ.

ಘಟ್ಟದ ಮೇಲಿನವರು ರೇಸಿಗೆ ಮೂರು ವಾರ ಇರುವಾಗ ಸೆಕೆಯ ಅಭ್ಯಾಸ ಶುರುಮಾಡಬೇಕು. 10ರಿಂದ 14 ದಿನ, ದಿನಕ್ಕೆ 45ರಿಂದ 60 ನಿಮಿಷ. ಮಧ್ಯಾಹ್ನ ನಿಧಾನವಾಗಿ ಓಡಬಹುದು. ಮಳೆಯಿದ್ದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಫ್ಯಾನ್ ಹಾಕದೆ, ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್ ಆದ ಟ್ರೈನರ್ ಮೇಲೆ ಹಗುರ ಗೇರಿನಲ್ಲಿ ತುಳಿಯಬಹುದು. ಮನೆಯಲ್ಲಿ ಇನ್ನೊಬ್ಬರು ಇರಲಿ. ಮೊದಲ ವಾರದಲ್ಲೇ ರಕ್ತದ ನೀರಿನಂಶ ಏರುತ್ತದೆ, ಬೆವರು ಬೇಗ ಶುರುವಾಗುತ್ತದೆ. ಇದನ್ನು ಬಿಟ್ಟು ರೇಸಿನ ಹಿಂದಿನ ದಿನ ಗೋವಾ ತಲುಪಿ "ಹೊಂದಿಕೊಳ್ಳುತ್ತೇನೆ" ಎನ್ನುವುದು ನಡೆಯದ ಮಾತು.

ಬೆವರಿನ ಅಳತೆಯನ್ನೂ ಇದೇ ದಿನಗಳಲ್ಲಿ ಮಾಡಿ. ಮೂತ್ರ ಮುಗಿಸಿ, ಬಟ್ಟೆಯಿಲ್ಲದೆ ತೂಗಿ. ರೇಸಿನ ವೇಗದಲ್ಲಿ ಒಂದು ಗಂಟೆ ಸೈಕಲ್ ತುಳಿದು, ಮೈ ಒರೆಸಿ ಮತ್ತೆ ತೂಗಿ. 68.0 ಕೆ.ಜಿ. ಇದ್ದದ್ದು 67.2 ಆಗಿ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಗಂಟೆಗೆ 1.3 ಲೀಟರ್ ಬೆವರಿದ್ದೀರಿ. ಅಷ್ಟನ್ನೂ ಮರಳಿ ಕುಡಿಯಬೇಕಾಗಿಲ್ಲ, ಹೊಟ್ಟೆಯೂ ಒಪ್ಪುವುದಿಲ್ಲ. ಮುಕ್ಕಾಲು ಭಾಗದಷ್ಟು, ಅಂದರೆ 975 ಮಿ.ಲೀ. ಆಸುಪಾಸು ಸಾಕು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದು ಕುಡಿಯದಿರುವುದಕ್ಕಿಂತ ಅಪಾಯ: ರಕ್ತದ ಸೋಡಿಯಂ ಇಳಿದು ಬೆರಳು ಊದುತ್ತದೆ, ತಲೆನೋವು, ವಾಕರಿಕೆ ಬಂದು ಕೊನೆಗೆ ಪ್ರಜ್ಞೆ ತಪ್ಪಬಹುದು.

ಬಾಟಲಿಯೊಳಗೆ ಏನು

ಸೈಕಲ್ಲಿನ ಮೇಲೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ನಾಲ್ಕು ಗಂಟೆಗೆ 240 ಗ್ರಾಂ. ಮೊದಲ ಸಲಕ್ಕೆ ಇದಕ್ಕಿಂತ ಹೆಚ್ಚು ಬೇಡ. ದುಬಾರಿ ಪುಡಿಯೇ ಬೇಕೆಂದಿಲ್ಲ. 750 ಮಿ.ಲೀ. ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಅಂದರೆ 1.5 ಗ್ರಾಂ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅರ್ಧರ್ಧ ಇರುತ್ತವೆ, ಕರುಳು ಅವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರುವುದರಿಂದ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಉಪ್ಪಿನಲ್ಲಿ ಸುಮಾರು 590 ಮಿ.ಗ್ರಾಂ ಸೋಡಿಯಂ ಸಿಗುತ್ತದೆ. ಬೆವರು ಒಣಗಿದ ಮೇಲೆ ಜೆರ್ಸಿಯ ಮೇಲೆ ಬಿಳಿ ಗೆರೆ ಮೂಡುವವರು ಉಪ್ಪನ್ನು 2 ಗ್ರಾಂಗೆ ಏರಿಸಿ. ಮನೆಯ ಅಡುಗೆ ತಕ್ಕಡಿಯಲ್ಲಿ ತೂಗಿಯೇ ಹಾಕಿ, ಕೈ ಅಂದಾಜು ಬೇಡ.

ಇಂಥ ಎರಡು ಬಾಟಲಿ 120 ಗ್ರಾಂ ಕೊಡುತ್ತವೆ. ಉಳಿದದ್ದಕ್ಕೆ ಮೂರು ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಿಹಿ ಪಾಕ), ತಲಾ ಸುಮಾರು 25 ಗ್ರಾಂ, ಮತ್ತು ದಾರಿಯಲ್ಲಿ ನೀರು-ತಿನಿಸು ಕೊಡುವ ಏಯ್ಡ್ ಸ್ಟೇಷನ್ನಿನ ಎರಡು ಬಾಳೆಹಣ್ಣು. ಜೆಲ್ ಜೊತೆ ನೀರನ್ನಷ್ಟೇ ಕುಡಿಯಿರಿ. ಸಿಹಿಯ ಮೇಲೆ ಸಿಹಿ ಬಿದ್ದರೆ ಹೊಟ್ಟೆಯಲ್ಲಿ ಗಟ್ಟಿಯಾದ ಪಾಕ ನಿಂತು, ಅದನ್ನು ತೆಳುಮಾಡಲು ಕರುಳು ದೇಹದಿಂದಲೇ ನೀರೆಳೆಯುತ್ತದೆ. ಓಟದಲ್ಲಿ ಬರುವ ವಾಂತಿಗೆ ಬಹುಪಾಲು ಇದೇ ಮೂಲ. ಹದಿನೈದು ನಿಮಿಷಕ್ಕೊಮ್ಮೆ ವಾಚ್‌ನಲ್ಲಿ ಅಲಾರಂ ಇಟ್ಟು ಕುಡಿಯಿರಿ, ಬಾಯಾರಿಕೆಗೆ ಕಾಯಬೇಡಿ. ಇದೇ ಬಾಟಲಿ, ಇದೇ ಜೆಲ್ಲನ್ನು ಕನಿಷ್ಠ ಆರು ದೊಡ್ಡ ರೈಡ್‌ಗಳಲ್ಲಿ ಬಳಸಿ ನೋಡಿರಬೇಕು.

ರೇಸಿನ ಬೆಳಿಗ್ಗೆ ಮೂರು ಗಂಟೆಗೆ ಹೋಟೆಲ್ ಅಡುಗೆಮನೆ ತೆರೆದಿರುವುದಿಲ್ಲ. 100 ಗ್ರಾಂ ತೆಳು ಅವಲಕ್ಕಿ, 20 ಗ್ರಾಂ ಬೆಲ್ಲದ ಪುಡಿ ಕಟ್ಟಿಕೊಂಡು ಹೋಗಿ, ಕೆಟಲ್ ನೀರಲ್ಲಿ ನೆನೆಸಿ ತಿಂದರೆ ಒಂದು ಹೊತ್ತಿಗೆ ಬೇಕಾದಷ್ಟು ಕಾರ್ಬ್ ಸಿಗುತ್ತದೆ. ತೆಂಗಿನಕಾಯಿ, ಕಡಲೆಬೀಜ, ಒಗ್ಗರಣೆ ಅವತ್ತಿಗೆ ಬೇಡ.

ಸೈಕಲ್ ಸಾಗಿಸಿ ಮತ್ತೆ ಜೋಡಿಸುವುದು

ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ಕಳಿಸುವುದು ಕಡಿಮೆ ಖರ್ಚಿನ ದಾರಿ, ಆದರೆ ಗೇರು ಬದಲಿಸುವ ಹಿಂದಿನ ಡಿರೇಲರ್ ನೇತಾಡುವ ಹ್ಯಾಂಗರ್ ಬಾಗುವುದೂ ಅಲ್ಲೇ. ಬಾಗಿದರೆ ಗೇರು ತಾನಾಗಿ ಜಾರುತ್ತದೆ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ (ಕಾಗ್) ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡರೆ ರೇಸ್ ಅಲ್ಲಿಗೇ ನಿಂತಿತು. ನಿಮ್ಮ ಫ್ರೇಮ್‌ನ ಹ್ಯಾಂಗರ್ ಒಂದನ್ನು ಬಿಡಿಯಾಗಿ ಜೊತೆಗಿಟ್ಟುಕೊಳ್ಳಿ, ರೇಸಿನೂರಿನಲ್ಲಿ ಅದೇ ಮಾದರಿ ಸಿಗುವ ನಂಬಿಕೆ ಬೇಡ. ಚಕ್ರ ಬಿಚ್ಚುವವರು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಇಡಬೇಕು. ಚಕ್ರವಿಲ್ಲದಾಗ ಲಿವರ್ ಒತ್ತಿದರೆ ಪ್ಯಾಡ್ ಕೂಡಿಕೊಂಡು ಚಕ್ರದ ಬ್ರೇಕ್ ತಟ್ಟೆ, ಅಂದರೆ ರೋಟರ್, ಒಳಗೇ ಹೋಗದು. ಸೀಟ್ ಪೋಸ್ಟ್ ಇಳಿಸುವ ಮುಂಚೆ ಅದರ ಎತ್ತರಕ್ಕೆ ಟೇಪ್ ಸುತ್ತಿ.

ಹ್ಯಾಂಡಲ್ ಜೋಡಿಸುವಾಗ ಕ್ರಮ ಮುಖ್ಯ. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್‌ನ ಪಕ್ಕದ ಬೋಲ್ಟುಗಳು ಸಡಿಲ ಇರುವಾಗಲೇ ಮೇಲಿನ ಕ್ಯಾಪಿನ ಬೋಲ್ಟನ್ನು ಅಲುಗಾಟ ನಿಲ್ಲುವಷ್ಟು ಮಾತ್ರ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ. ಟಕ್ ಟಕ್ ಎಂದರೆ ಇನ್ನೊಂದು ಕಾಲು ಸುತ್ತು. ಆಮೇಲೆ ಹ್ಯಾಂಡಲ್ ನೇರ ಮಾಡಿ, ಪಕ್ಕದ ಬೋಲ್ಟುಗಳನ್ನು ಸ್ಟೆಮ್ ಮೇಲೆ ಬರೆದಿರುವಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಬಿಗಿಮಾಡಿ. ಮೊದಲೇ ಪಕ್ಕದ ಬೋಲ್ಟ್ ಬಿಗಿದರೆ ಮೇಲಿನದು ಎಷ್ಟು ತಿರುಗಿಸಿದರೂ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್, ಸಡಿಲವೇ ಉಳಿಯುತ್ತದೆ, ಇಳಿಜಾರಿನಲ್ಲಿ ಮುಂಭಾಗ ನಡುಗುತ್ತದೆ.

ಜೊತೆಗೆ ಎರಡು ಟ್ಯೂಬ್, ಎರಡು ಟಯರ್ ಲಿವರ್, ಸಣ್ಣ ಪಂಪ್, ಮಲ್ಟಿಟೂಲ್. ರಿಮ್ ಎತ್ತರದ್ದಾದರೆ ಟ್ಯೂಬಿನ ವಾಲ್ವ್ ಹೊರಗೆ ಬರುವಷ್ಟು ಉದ್ದವಿದೆಯೇ ನೋಡಿ. ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದು 12 ನಿಮಿಷದೊಳಗೆ ಆಗುವವರೆಗೆ ಅಭ್ಯಾಸ ಮಾಡಿ. ಸೈಕಲ್ಲನ್ನು ಹಿಂದಿನ ದಿನವೇ ಟ್ರಾನ್ಸಿಷನ್‌ನಲ್ಲಿ ಬಿಡುವಾಗ ಗಾಳಿ ಸ್ವಲ್ಪ ಇಳಿಸಿ, ಬೆಳಿಗ್ಗೆ ತುಂಬಿಸಿ.

ರೇಸಿನ ದಿನ

ನೀರು ಬೆಚ್ಚಗಿರುವುದರಿಂದ ವೆಟ್‌ಸೂಟಿನ ತೇಲುಬಲ ಸಿಗುವುದಿಲ್ಲ, ಮೂರೂ ಹಂತಕ್ಕೆ ತೊಡುವ ತೆಳು ಉಡುಪಾದ ಟ್ರೈಸೂಟ್‌ನಲ್ಲೇ ಈಜಬೇಕು. ಮಾಂಡೋವಿ ನದಿ ಕಡಲು ಸೇರುವ ಜಾಗ ಹತ್ತಿರವೇ ಇದೆ, ನೀರಿನೊಳಗೆ ಕೈಯಳತೆಯ ಆಚೆ ಏನೂ ಕಾಣದೆ ಹೋಗಬಹುದು. ಅದಕ್ಕೆ ಗಾಬರಿ ಬೇಡ. ಬೀಚ್ ಪಡುವಣಕ್ಕೆ ತೆರೆದಿದೆ, ದಡಕ್ಕೆ ಮರಳುವಾಗ ಬೆಳಗಿನ ಸೂರ್ಯ ನೇರ ಕಣ್ಣಿಗೆ, ಹಾಗಾಗಿ ಬಣ್ಣದ ಗಾಜಿನ ಗಾಗಲ್ಸ್ ಇರಲಿ. ಕತ್ತು, ಕಂಕುಳಿಗೆ ವ್ಯಾಸಲೀನ್. ಟೈಮಿಂಗ್ ಚಿಪ್ ಎಡಗಾಲಿಗೆ. ಬಲಗಾಲಿನ ಪಕ್ಕ ಸೈಕಲ್ ಚೈನ್ ಇರುತ್ತದೆ. ಉಸಿರು ಸಿಗದೆ ಎದೆ ಹಿಡಿದಂತಾದರೆ ಅಂಗಾತ ತೇಲಿ, ಇಲ್ಲವೇ ಕೈಯೆತ್ತಿ ಕಯಾಕ್ ಕರೆದು ಹಿಡಿದುಕೊಳ್ಳಿ. ಅದು ಮುಂದಕ್ಕೆ ಒಯ್ಯದಿದ್ದರೆ ಸಾಕು, ನೀವು ಅನರ್ಹರಾಗುವುದಿಲ್ಲ.

ಟ್ರಾನ್ಸಿಷನ್‌ನಲ್ಲಿ ಹೆಲ್ಮೆಟ್ ಬಕಲ್ ಹಾಕಿದ ಮೇಲೆಯೇ ಸೈಕಲ್ ಮುಟ್ಟಿ. ಸೈಕಲ್ ಹತ್ತಲು ಎಳೆದಿರುವ ಗೆರೆ, ಅಂದರೆ ಮೌಂಟ್ ಲೈನ್, ದಾಟಿದ ಮೇಲೆಯೇ ಹತ್ತಿ. ಮುಂದಿನವರ ಹಿಂದೆ 12 ಮೀಟರ್ ಅಂತರ ಬಿಡಬೇಕು. ಒಳಗೆ ಹೋದರೆ 25 ಸೆಕೆಂಡಿನಲ್ಲಿ ಓವರ್‌ಟೇಕ್ ಮಾಡಬೇಕು, ಇಲ್ಲವಾದರೆ 5 ನಿಮಿಷದ ದಂಡ. ಇಯರ್‌ಫೋನ್ ನಿಷಿದ್ಧ. ಮನೆಯವರು ದಾರಿಯಲ್ಲಿ ನೀರು ಕೊಡುವುದೂ ಹೊರಗಿನ ಸಹಾಯ ಎಂದೇ ಲೆಕ್ಕ, ಮೊದಲೇ ಅವರಿಗೆ ತಿಳಿಸಿ.

ಸೈಕಲ್ಲಿನ ಮೊದಲ 30 ಕಿ.ಮೀ. "ಇಷ್ಟು ನಿಧಾನವೇ" ಅನಿಸಬೇಕು. ತುಳಿಯುವ ಬಲ ಅಳೆಯುವ ಪವರ್ ಮೀಟರ್ ಇದ್ದರೆ ಎಫ್‌ಟಿಪಿಯ (ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಲ್ಲ ಗರಿಷ್ಠ ಪವರ್) ಶೇ 70, ಇಲ್ಲದವರು ಪೂರ್ತಿ ವಾಕ್ಯ ಆಡಬಲ್ಲಷ್ಟು ಉಸಿರು. ಏರಿನಲ್ಲಿ ಎದ್ದು ತುಳಿದು ಗಳಿಸುವ ಒಂದು ನಿಮಿಷಕ್ಕೆ ಓಟದಲ್ಲಿ ಹತ್ತು ನಿಮಿಷ ತೆರಬೇಕಾಗುತ್ತದೆ.

ಓಟದ ಮೊದಲ 3 ಕಿ.ಮೀ. ಗುರಿಗಿಂತ 30 ಸೆಕೆಂಡು ನಿಧಾನ. ಪ್ರತಿ ಏಯ್ಡ್ ಸ್ಟೇಷನ್ನಿನಲ್ಲಿ ನಡೆಯಿರಿ: ಟೋಪಿಯೊಳಗೆ ಐಸ್, ಎರಡು ಗುಟುಕು ನೀರು, ಮುಂದೆ ಬಾಗಿ ತಲೆಗೆ ನೀರು. ನೆಟ್ಟಗೆ ನಿಂತು ಸುರಿದುಕೊಂಡರೆ ನೀರು ಇಳಿದು ಶೂ ತೋಯ್ದು ಬೊಬ್ಬೆ ಏಳುತ್ತದೆ. ಕೋಲಾವನ್ನು 12 ಕಿ.ಮೀ. ಆದಮೇಲೆ ಶುರುಮಾಡಿ, ಆಮೇಲೆ ಬಿಡಬೇಡಿ. ಸುಡುಬಿಸಿಲಿನಲ್ಲಿ ಮೈ ಜುಮ್ಮೆಂದು ಚಳಿಯಾದರೆ, ಬೆವರು ನಿಂತರೆ, ಇದು ಎಷ್ಟನೇ ಸುತ್ತು ಎಂಬುದೇ ಗೊಂದಲವಾದರೆ ಆ ಕ್ಷಣವೇ ನಿಂತು ಸ್ವಯಂಸೇವಕರನ್ನು ಕರೆಯಿರಿ. ರೇಸ್ ಮುಂದಿನ ವರ್ಷವೂ ಇರುತ್ತದೆ.

ಗೆರೆ ದಾಟಿದ ಮೇಲೆ ತಟ್ಟನೆ ಕೂರದೆ ಹತ್ತು ನಿಮಿಷ ನಿಧಾನವಾಗಿ ನಡೆದಾಡಿ, ಅರ್ಧ ಗಂಟೆಯೊಳಗೆ ಅನ್ನ, ಮೊಸರು, ಉಪ್ಪಿನಕಾಯಿಯಂಥದ್ದೇನಾದರೂ ತಿನ್ನಿ. ಸೈಕಲ್ ಬಿಡಿಸಿಕೊಳ್ಳಲು ಕೈಪಟ್ಟಿ ಬೇಕು, ಕತ್ತರಿಸಿ ಎಸೆದಿರಬೇಡಿ. ಅದೇ ಸಂಜೆ ನೀವೇ ಕಾರು ಓಡಿಸಿಕೊಂಡು ಘಾಟಿ ಹತ್ತುವ ಯೋಚನೆಯೂ ಬೇಡ. ಕಾಲು ಹಿಡಿದುಕೊಂಡರೆ ಬ್ರೇಕ್ ಒತ್ತಲಾಗದು. ಇನ್ನೊಂದು ರಾತ್ರಿಗೆ ರೂಮನ್ನು ಮೊದಲೇ ಬುಕ್ ಮಾಡಿಡಿ.