ಮನೇಲಿ ಕೇಳಿದ ಹಾಲೋಕಾಸ್ಟ್ ಕಥೆಯಿಂದ ಟೀನೇಜ್ ಕಾದಂಬರಿ ಬರೆಯೋದು ಹೇಗೆ

ನಮ್ಮಕ್ಕನ ಮಗಳು ಸೆಕೆಂಡ್ ಪಿಯು ಓದ್ತಿದಾಳೆ, ಮನೆ ಜಯನಗರದಲ್ಲಿ, ಅವಳಪ್ಪ ಆಸ್ಟ್ರಿಯಾದವರು. ಅವರ ಅಜ್ಜಿ, ಅಂದ್ರೆ ಇವಳ ಮುತ್ತಜ್ಜಿ, 14ನೇ ವಯಸ್ಸಲ್ಲಿ ನಾಜಿಗಳಿಂದ ತಪ್ಪಿಸ್ಕೊಂಡು ಒಬ್ಬರೇ ವಿಯೆನ್ನಾದಿಂದ ಇಂಗ್ಲೆಂಡಿಗೆ ಟ್ರೈನ್ ಹತ್ತಿದವರು, ಅಪ್ಪ ಅಮ್ಮ ಅಲ್ಲೇ ಉಳಿದ್ರು, ಆಮೇಲೆ ಸಿಗಲೇ ಇಲ್ಲ. "ಚಿಕ್ಕಮ್ಮ, ಇದನ್ನ ನನ್ನ ವಯಸ್ಸಿನವರು ಓದೋ ಥರ ಕನ್ನಡದಲ್ಲಿ ಕಾದಂಬರಿ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ" ಅಂತ ಕೇಳಿದ್ಲು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ, ಬೇರೆ ಯಾರಿಗಾದ್ರೂ ಬೇಕಾಗ್ಬಹುದು.

ಎಲ್ಲಕ್ಕಿಂತ ಮುಖ್ಯವಾದ್ದು ಮೊದಲೇ ಹೇಳ್ಬಿಡ್ತೀನಿ. ನಿಮ್ಮ ನಾಯಕಿಗೆ ಆ ದಿನ ಆ ಊರಲ್ಲಿ ಇರೋ ಹುಡುಗಿಗೆ ಎಷ್ಟು ಗೊತ್ತಿರೋಕೆ ಸಾಧ್ಯವೋ ಅಷ್ಟೇ ಗೊತ್ತಿರ್ಬೇಕು. ನಮಗೆ ಹಾಲೋಕಾಸ್ಟ್ ಅಂದ್ರೆ ನಾಜಿಗಳು ಮಾಡಿದ ಅರವತ್ತು ಲಕ್ಷ ಯಹೂದಿಗಳ ಕೊಲೆ ಅಂತ ಗೊತ್ತು, ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು ಅಂತ ಗೊತ್ತು, ಆಶ್ವಿಟ್ಸ್ ಅನ್ನೋ ಸಾವಿನ ಕ್ಯಾಂಪಿನ ಹೆಸರು ಗೊತ್ತು. 1938ರ ವಿಯೆನ್ನಾದ ಹುಡುಗಿಗೆ ಇದ್ಯಾವುದೂ ಗೊತ್ತಿಲ್ಲ, ಅವಳಿಗೆ ಗೊತ್ತಿರೋದು ಪಾರ್ಕಿನ ಬೆಂಚಲ್ಲಿ ಕೂರಂಗಿಲ್ಲ, ಪಕ್ಕದ ಸೀಟಿನ ಗೆಳತಿ ಮಾತು ಬಿಟ್ಟಿದಾಳೆ, ಅಪ್ಪ ರಾತ್ರಿ ಎಲ್ಲಾ ಅಡುಗೆಮನೇಲಿ ಕೂತು ಯಾವ್ಯಾವುದೋ ಫಾರ್ಮ್ ತುಂಬ್ತಾರೆ ಅನ್ನೋದು. ಮುಂದೆ ಆಗೋದನ್ನ ಲೇಖಕರೇ ಪ್ರತಿ ಪುಟದಲ್ಲೂ ಕಣ್ಣು ಮಿಟುಕಿಸಿ ಸೂಚಿಸ್ತಾ ಹೋದ್ರೆ ಪುಸ್ತಕ ಸತ್ತುಹೋಗತ್ತೆ. ಓದೋ ಹುಡುಗ್ರಿಗೆ ಹೇಗೂ ಗೊತ್ತು, ಅವಳಿಗೆ ಗೊತ್ತಿಲ್ಲ, ಆ ಅಂತರದಲ್ಲೇ ಸಂಕಟ ಇರೋದು.

ಮೊದಲನೇ ಕೆಲಸ ಮನೇಲಿ ಏನೇನಿದೆ ನೋಡೋದು. ಫೋಟೋ, ಪಾಸ್‌ಪೋರ್ಟ್, ಕಾಗದ, ಸ್ಕೂಲ್ ರಿಪೋರ್ಟು, ಎಲ್ಲದರ ಎರಡೂ ಕಡೆ ಫೋಟೋ ತೆಗೆದಿಟ್ಕೊಳ್ಳಿ, ಹಿಂದುಗಡೆ ಪೆನ್ಸಿಲಲ್ಲಿ ಬರೆದಿರೋದೇ ಎಷ್ಟೋ ಸಲ ಮುಖ್ಯ ಆಗತ್ತೆ. ಆಮೇಲೆ ಒಂದು ನೋಟ್‌ಬುಕ್ಕಲ್ಲಿ ಮೂರು ಬಣ್ಣದ ಪೆನ್ನು ಇಟ್ಕೊಳ್ಳಿ. ದಾಖಲೆ ಇರೋದು ಒಂದು ಬಣ್ಣ, ಮನೆಯವರು ಹೇಳಿದ್ದು ಇನ್ನೊಂದು, ನೀವೇ ಊಹಿಸಿದ್ದು ಮೂರನೇದು. ಎರಡನೇ ಡ್ರಾಫ್ಟ್ ಹೊತ್ತಿಗೆ ಯಾವುದು ಕೇಳಿದ್ದು ಯಾವುದು ಕಟ್ಟಿದ್ದು ಅಂತ ನಿಮಗೇ ಕಲಸಿಹೋಗಿರತ್ತೆ, ಆಗ ಈ ನೋಟ್‌ಬುಕ್ಕೇ ಗತಿ.

ಹಿರಿಯರ ಹತ್ರ ಮಾತಾಡೋವಾಗ "ಆಗ ನಿಮಗೆ ಹೇಗನ್ನಿಸ್ತು" ಅಂತ ಕೇಳ್ಬೇಡಿ, ಟಿವಿ ರಿಪೋರ್ಟರ್ ಥರ ಇರತ್ತೆ, ಉತ್ತರಾನೂ ಹಾಗೇ ಬರತ್ತೆ. ವಸ್ತುಗಳ ಬಗ್ಗೆ ಕೇಳಿ. ಮೇಲಿನ ಮನೇಲಿ ಯಾರಿದ್ರು, ಬೆಳಿಗ್ಗೆ ತಿಂಡಿ ಏನು, ಸ್ಕೂಲಿಗೆ ನಡ್ಕೊಂಡು ಹೋಗ್ತಿದ್ರಾ ಟ್ರಾಮಾ, ಅಮ್ಮ ಬೈಯೋವಾಗ ಏನಂತಿದ್ರು, ಸೂಟ್‌ಕೇಸಲ್ಲಿ ಏನು ಹಾಕಿದ್ರು ಯಾವುದನ್ನ ತೆಗೆದಿಟ್ರು. ಇವಳಿಗೆ ಮುತ್ತಜ್ಜಿ ಈಗಿಲ್ಲ, ಅವರ ಮಗಳಿದಾರೆ, ವಿಡಿಯೋ ಕಾಲಲ್ಲಿ ಸಿಗ್ತಾರೆ. ಅವರು ಹೇಳೋದು ಅಮ್ಮನಿಂದ ಕೇಳಿದ್ದು, ಸ್ವಂತ ನೆನಪಲ್ಲ, ಅದನ್ನೂ ಗುರುತು ಹಾಕ್ಕೊಳ್ಳಿ. ರೆಕಾರ್ಡ್ ಮಾಡೋಕೆ ಮುಂಚೆ ಕೇಳಿ. ಅವರು "ಇವತ್ತಿಗೆ ಸಾಕು" ಅಂದ್ರೆ ಸಾಕು, ಅಲ್ಲಿಗೇ ಟೀ ಕುಡಿದು ಬೇರೆ ಮಾತಾಡಿ, ನಿಮ್ಮ ಚಾಪ್ಟರ್ ನಿಂತ್ರೆ ನಿಲ್ಲಲಿ.

ಮನೆ ಕಥೆಗಳಲ್ಲಿ ಇಸವಿ ಹಿಂದೆಮುಂದೆ ಆಗಿರತ್ತೆ, ಅದಕ್ಕೇ ಹೊರಗಡೆ ದಾಖಲೆ ಹುಡುಕ್ಬೇಕು, ಅದೃಷ್ಟಕ್ಕೆ ಈಗ ಬೆಂಗಳೂರಲ್ಲೇ ಕೂತು ತುಂಬಾನೇ ಹುಡುಕ್ಬಹುದು. ಜರ್ಮನಿಯ ಬಾಡ್ ಆರೋಲ್ಸನ್ ಊರಲ್ಲಿರೋ ಆರೋಲ್ಸನ್ ಆರ್ಕೈವ್ಸ್‌ನವರು ನಾಜಿಗಳ ಕೈಲಿ ಸಿಕ್ಕವರ ಕೋಟ್ಯಂತರ ಕಾಗದಪತ್ರಗಳಲ್ಲಿ ಹೆಚ್ಚಿನದನ್ನ ಆನ್‌ಲೈನಲ್ಲಿ ಹಾಕಿದಾರೆ. ಜೆರುಸಲೇಮಿನ ಯಾದ್ ವಾಶೆಮ್ ಅನ್ನೋ ಹಾಲೋಕಾಸ್ಟ್ ಸ್ಮಾರಕದಲ್ಲಿ ಸತ್ತವರ ಹೆಸರಿನ ಡೇಟಾಬೇಸ್ ಇದೆ, ಅದರಲ್ಲಿ ಬಂಧುಗಳೇ ಕೂತು ತುಂಬಿಕೊಟ್ಟ ಪುಟಗಳೂ ಇವೆ, ಕೆಲವು ಸಲ ನಿಮಗೇ ಗೊತ್ತಿಲ್ಲದ ದೂರದ ಸಂಬಂಧಿ ತುಂಬಿರ್ತಾರೆ. ಆಸ್ಟ್ರಿಯಾದವರಾದ್ರೆ ವಿಯೆನ್ನಾದ ಡಾಕ್ಯುಮೆಂಟೇಶನ್ ಸೆಂಟರ್‌ದು ಬೇರೆ ಲಿಸ್ಟ್ ಇದೆ. ಹುಡುಕೋವಾಗ ಹೆಸರನ್ನ ನಾಲ್ಕೈದು ಸ್ಪೆಲಿಂಗಲ್ಲಿ ಹಾಕಿ ನೋಡಿ, ಹುಟ್ಟಿದ ತಾರೀಖು ಜೊತೆಗಿಟ್ಕೊಳ್ಳಿ. ಒಂದು ವಿಷಯ, 1939ರ ಜನವರಿಯಿಂದ ಯಹೂದಿ ಹೆಂಗಸರ ಹೆಸರಿಗೆ "ಸಾರಾ", ಗಂಡಸರಿಗೆ "ಇಸ್ರೇಲ್" ಅಂತ ಕಾನೂನಲ್ಲೇ ಬಲವಂತವಾಗಿ ಸೇರಿಸಿದ್ರು. ಕಾಗದದಲ್ಲಿ ಸಾರಾ ಅಂತ ಕಂಡ ತಕ್ಷಣ ಇದು ಬೇರೆ ಯಾರೋ ಅಂದ್ಕೊಂಡು ಬಿಟ್ಟುಬಿಡ್ಬೇಡಿ. ಇನ್ನೊಂದು, ಆ ಕಾಲದ ಜರ್ಮನ್ ಕೈಬರಹ ಈಗಿನ ಜರ್ಮನ್ನರಿಗೇ ಓದೋಕೆ ಕಷ್ಟ, ಇಂದಿರಾನಗರದಲ್ಲಿ ಎರಡು ಲೆವೆಲ್ ಜರ್ಮನ್ ಮುಗಿಸಿದೀನಿ ಅಂತ ಕೂತ್ರೆ ಆಗಲ್ಲ, ಹಳೇ ಬರಹ ಓದೋಕೆ ಕಲ್ತಿರೋರನ್ನೇ ಹಿಡೀಬೇಕು.

ಈಗ ಒಂದು ದೊಡ್ಡ ಹಾಳೆ ತಗೊಂಡು ಮೂರು ಕಾಲಂ ಹಾಕಿ. ಮೊದಲನೇದ್ರಲ್ಲಿ ಊರಲ್ಲಿ ಏನಾಯ್ತು, ಎರಡನೇದ್ರಲ್ಲಿ ಮನೇಲಿ ಏನಾಯ್ತು, ಮೂರನೇದ್ರಲ್ಲಿ ಹುಡುಗಿಗೆ ಏನು ಗೊತ್ತಿತ್ತು. ಉದಾಹರಣೆಗೆ 1938 ಮಾರ್ಚ್ 12, ಜರ್ಮನ್ ಸೈನ್ಯ ಆಸ್ಟ್ರಿಯಾ ಒಳಗೆ ಬಂತು, ಆ ವಾರದಲ್ಲೇ ವಿಯೆನ್ನಾದ ಬೀದಿಗಳಲ್ಲಿ ಯಹೂದಿಗಳನ್ನ ಮಂಡಿಯೂರಿಸಿ ರಸ್ತೆ ಉಜ್ಜಿಸಿದ್ರು, ಸುತ್ತ ಊರವರು ನಿಂತು ನಗ್ತಿದ್ರು. ಹುಡುಗಿ ಕಾಲಂನಲ್ಲಿ ಬರೋದು ಇಷ್ಟೇ, ಅಪ್ಪ ಒದ್ದೆ ಪ್ಯಾಂಟಲ್ಲಿ ಮನೆಗೆ ಬಂದ್ರು, ಯಾರೂ ಏನೂ ಕೇಳ್ಲಿಲ್ಲ. 1938 ನವೆಂಬರ್ 9ರ ರಾತ್ರಿ ಸಿನಗಾಗ್‌ಗಳಿಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಬೆಂಕಿ, ಅಂಗಡಿ ಗಾಜು ಪುಡಿ, ಸಾವಿರಾರು ಗಂಡಸರು ಅರೆಸ್ಟ್. ಅದಾದ್ಮೇಲೆ ಬ್ರಿಟನ್ ಮಕ್ಕಳನ್ನ ಮಾತ್ರ ಒಳಗೆ ಬಿಡೋಕೆ ಒಪ್ಕೊಳ್ತು, ಆ ಡಿಸೆಂಬರಿಂದ 1939ರ ಸೆಪ್ಟೆಂಬರಲ್ಲಿ ಯುದ್ಧ ಶುರುವಾಗೋವರೆಗೂ ಸುಮಾರು 10,000 ಮಕ್ಕಳು ಅಪ್ಪ ಅಮ್ಮ ಇಲ್ದೆ ಹೋದ್ರು, ಅದನ್ನೇ ಕಿಂಡರ್‌ಟ್ರಾನ್ಸ್‌ಪೋರ್ಟ್ ಅಂತಾರೆ. ಕೈಯಲ್ಲಿ ಎತ್ಕೊಳ್ಳೋವಷ್ಟು ಲಗೇಜು, 10 ಮಾರ್ಕು ದುಡ್ಡು, ಬೆಲೆಬಾಳೋದು ಏನೂ ಒಯ್ಯಂಗಿಲ್ಲ. ಈ ಮೂರನೇ ಕಾಲಂ ಇದ್ಯಲ್ಲ, ಅದೇ ನಿಮ್ಮ ಕಾದಂಬರಿ, ಮೊದಲೆರಡು ಬರೀ ಆಧಾರ.

ಯುದ್ಧ ಶುರುವಾದ್ಮೇಲೆ ಅಂಚೆ ನಿಂತುಹೋಯ್ತು, ರೆಡ್ ಕ್ರಾಸ್ ಮೂಲಕ 25 ಪದದ ಸಂದೇಶ ಮಾತ್ರ ಕಳಿಸ್ಬಹುದಿತ್ತು, ಮನೆ ವಿಷಯ ಅಷ್ಟೇ, ತಲುಪೋಕೆ ತಿಂಗಳುಗಟ್ಟಲೆ. ನಾನು ಇವಳಿಗೆ ಕೊಟ್ಟ ಹೋಮ್‌ವರ್ಕ್ ಇದೇ, ವಿಯೆನ್ನಾದಲ್ಲಿರೋ ಅಮ್ಮನಾಗಿ 25 ಪದದಲ್ಲಿ ಮಗಳಿಗೆ ಬರಿ ಅಂತ. ಸೆನ್ಸಾರ್ ಓದ್ತಾನೆ, ಮಗಳು ಹೆದರಬಾರ್ದು, ಆದ್ರೆ ಫ್ಲಾಟ್ ಖಾಲಿ ಮಾಡಿಸಿದಾರೆ ಅನ್ನೋದು ಹೇಗೋ ತಿಳೀಬೇಕು. (ಕನ್ನಡದಲ್ಲಿ 25 ಪದಕ್ಕೆ ತುಂಬಾ ಹಿಡಿಯತ್ತೆ, ಅದಕ್ಕೇ 15ರಲ್ಲಿ ಮುಗಿಸು ಅಂದೆ.) ಆ ಒಂದು ಚೀಟಿ ಬರೆದ್ಮೇಲೆ ಅವಳ ಭಾಷೆನೇ ಬದಲಾಯ್ತು, ಅಳೋ ಪದಗಳೆಲ್ಲ ತಾವಾಗೇ ಉದುರಿಹೋದ್ವು.

ಇನ್ನು ಎಲ್ಲರೂ ಎಡವೋ ಜಾಗಗಳು. ಸಿನಿಮಾ ನೋಡಿ ಬರೆದ್ರೆ ಹಾಲೋಕಾಸ್ಟ್ ಅಂದ್ರೆ ಪಟ್ಟೆ ಬಟ್ಟೆ, ಕೈಮೇಲೆ ನಂಬರು, ಗ್ಯಾಸು ಅಷ್ಟೇ ಅನ್ನೋ ಥರ ಆಗ್ಬಿಡತ್ತೆ. ಕೈಮೇಲೆ ನಂಬರ್ ಹಚ್ಚೆ ಹಾಕ್ತಿದ್ದಿದ್ದು ಆಶ್ವಿಟ್ಸ್ ಕ್ಯಾಂಪುಗಳಲ್ಲಿ ಮಾತ್ರ, ಅದೂ ಕೆಲಸಕ್ಕೆ ಅಂತ ಉಳಿಸ್ಕೊಂಡವರಿಗೆ, ಟ್ರೈನ್ ಇಳಿದ ಕೂಡಲೇ ಕೊಲೆಯಾದವರ ಹೆಸರೂ ಅಲ್ಲಿ ಬರ್ಕೊಳ್ತಿರ್ಲಿಲ್ಲ. ಟ್ರೆಬ್ಲಿಂಕಾದ ಸಾವಿನ ಕ್ಯಾಂಪಿನಂಥ ಕಡೆ ಬಂದವರಲ್ಲಿ ಹೆಚ್ಚುಕಮ್ಮಿ ಎಲ್ಲರನ್ನೂ ಕೂಡಲೇ ಕೊಂದ್ರು, ಅದು ಕೊಲ್ಲೋಕೇ ಕಟ್ಟಿದ ಜಾಗ. ಪೂರ್ವದ ಕಡೆ ಲಕ್ಷಾಂತರ ಜನರನ್ನ ಅವರವರ ಊರ ಪಕ್ಕದಲ್ಲೇ ಗುಂಡು ಹೊಡೆದು ಕೊಂದ್ರು, ಕೀವ್ ಹತ್ರದ ಬಾಬಿ ಯಾರ್ ಕಣಿವೇಲಿ 1941ರ ಸೆಪ್ಟೆಂಬರ್ 29, 30 ಎರಡೇ ದಿನದಲ್ಲಿ 33,771 ಜನ. ಯಹೂದಿ ಅನ್ನೋ ಗುರುತಿಗೆ ಹಳದಿ ನಕ್ಷತ್ರ ಹೊಲಿದ ಕೋಟಿನ ಹುಡುಗಿನ 1938ರ ವಿಯೆನ್ನಾದಲ್ಲಿ ನಡೆಸ್ಬೇಡಿ, ಅಲ್ಲಿ ಆ ರೂಲ್ ಬಂದಿದ್ದು 1941ರ ಸೆಪ್ಟೆಂಬರಲ್ಲಿ. ಇವೆಲ್ಲ ಸಣ್ಣ ವಿಷಯ ಅನ್ನಬೇಡಿ, ಇದೆಲ್ಲ ನಡೆದೇ ಇಲ್ಲ ಅಂತ ವಾದ ಮಾಡೋ ಜನ ಇವತ್ತಿಗೂ ಇದಾರೆ, ಒಂದು ತಪ್ಪು ಸಿಕ್ರೆ ಅದನ್ನೇ ಹಿಡ್ಕೊಂಡು ಜಗ್ಗಾಡ್ತಾರೆ.

"ನಮ್ಮನೇಲಿ ಅಂಥ ನಂಟಿಲ್ಲ, ಆದ್ರೂ ಬರೀಬೇಕು" ಅನ್ನೋರು ಯುರೋಪಿಗೇ ಹೋಗ್ಬೇಕಿಲ್ಲ, ಬೆಂಗಳೂರಿಗೇ ಆ ಕಥೆ ಬಂದಿತ್ತು. ಬಸವನಗುಡಿ ಕೃಷ್ಣರಾವ್ ಪಾರ್ಕಲ್ಲಿರೋ ಪೆವಿಲಿಯನ್ ಡಿಸೈನ್ ಮಾಡಿದ ಆಟೋ ಕ್ಯೋನಿಗ್ಸ್‌ಬರ್ಗರ್ ಬರ್ಲಿನ್ನಿಂದ ನಾಜಿಗಳ ಕಾರಣಕ್ಕೆ ಹೊರಬಿದ್ದವರು, 1939ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಆರ್ಕಿಟೆಕ್ಟ್ ಆಗಿ ಬಂದ್ರು. ಅವರ ಸಂಬಂಧಿ ಮ್ಯಾಕ್ಸ್ ಬೋರ್ನ್, ಅದೇ ಕ್ವಾಂಟಮ್ ಫಿಸಿಕ್ಸ್ ವಿಜ್ಞಾನಿ, 1933ರಲ್ಲಿ ಜರ್ಮನಿಯ ಗಾಟಿಂಗನ್ ಯೂನಿವರ್ಸಿಟಿ ಕೆಲಸ ಕಳ್ಕೊಂಡಿದ್ರು, ಸಿ.ವಿ. ರಾಮನ್ ಕರೆಸಿದಾಗ 1935-36ರಲ್ಲಿ ಕೆಲವು ತಿಂಗಳು ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಐಐಎಸ್‌ಸಿ) ಇದ್ರು. ಇಂಥ ನಿಜವಾದ ವ್ಯಕ್ತಿಗಳ ಬಾಯಲ್ಲಿ ಡೈಲಾಗ್ ಇಡೋದು ನನಗೆ ಇಷ್ಟ ಇಲ್ಲ, ದೂರದಲ್ಲಿ ಹಾದುಹೋಗ್ಲಿ ಸಾಕು. ನೀವೇ ಒಂದು ಕುಟುಂಬ ಕಟ್ಟಿ. ಆಗ ಪೇಟೆ ಕಡೆ ಮಹಾರಾಜರ ಆಡಳಿತ, ದಂಡು ಬ್ರಿಟಿಷರದ್ದು, ಎರಡು ಬೇರೆ ಬೇರೆ ಊರಿದ್ದ ಹಾಗೆ. ಯುದ್ಧ ಘೋಷಣೆ ಆದ ದಿನದಿಂದ ಜರ್ಮನ್ ಪಾಸ್‌ಪೋರ್ಟ್ ಇರೋರೆಲ್ಲ ಬ್ರಿಟಿಷರ ಲೆಕ್ಕದಲ್ಲಿ ಶತ್ರು ದೇಶದವರು, ಹಿಟ್ಲರ್‌ನಿಂದ ಓಡಿಬಂದ ಯಹೂದಿಗಳನ್ನೂ ಇಂಡಿಯಾದಲ್ಲಿ ಎಷ್ಟೋ ಕಡೆ ಹಿಡಿದು ಕೂಡಿಹಾಕಿ ವಿಚಾರಿಸಿದ್ರು. ಜಲಹಳ್ಳಿ ಕಡೆ ಇಟಾಲಿಯನ್ ಯುದ್ಧಕೈದಿಗಳು, ಪೇಟೇಲಿ ಕ್ವಿಟ್ ಇಂಡಿಯಾ ಗಲಾಟೆ, ನಡುವೆ ಕನ್ನಡ ಮೀಡಿಯಂ ಹುಡುಗನ ಪಕ್ಕದ ಮನೇಲಿ ಬರ್ಲಿನ್ ಹುಡುಗಿ, ಅವಳಜ್ಜಿಯಿಂದ ಕಾಗದ ಬರೋದು ನಿಂತಿದೆ. ಒಂದು ಎಚ್ಚರಿಕೆ, ಕೊಲ್ಹಾಪುರದ ಹತ್ರ ವಳಿವಡೆಯಲ್ಲಿದ್ದ ಪೋಲಿಷ್ ನಿರಾಶ್ರಿತರ ಕಥೆನ ಇದಕ್ಕೆ ಬೆರೆಸಿಬಿಡ್ತಾರೆ, ಅವರಲ್ಲಿ ಹೆಚ್ಚಿನವರು ಸೋವಿಯತ್ ರಷ್ಯಾ ಗಡೀಪಾರು ಮಾಡಿದ್ದ ಕ್ಯಾಥೊಲಿಕರು, ಆ ಕಥೆ ಬೇರೆ.

ನಮ್ಮ ಓದುಗ ಹುಡುಗ್ರ ಬಗ್ಗೆ ಒಂದು ಮಾತು, ಇದನ್ನ ಯುರೋಪಿನ ಲೇಖಕರು ಯೋಚಿಸ್ಬೇಕಿಲ್ಲ, ನಾವು ಯೋಚಿಸ್ಲೇಬೇಕು. ನಮ್ಮಲ್ಲಿ ಸ್ಟ್ರಿಕ್ಟ್ ಮೇಷ್ಟ್ರಿಗೆಲ್ಲ ಹಿಟ್ಲರ್ ಅಂತ ಅಡ್ಡಹೆಸರು, ಫುಟ್‌ಪಾತ್ ಪುಸ್ತಕದಂಗಡೀಲಿ ಅವನ ಆತ್ಮಕಥೆ ಪರ್ಸನಾಲಿಟಿ ಡೆವಲಪ್‌ಮೆಂಟ್ ಪುಸ್ತಕದ ಪಕ್ಕದಲ್ಲೇ ಇರತ್ತೆ, ಹೊಸ ಗಾಡಿ ಪೂಜೆಗೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ್ ಬರೀತೀವಿ. ನಿಮ್ಮ ಕಥೇಲಿ ಈಗಿನ ಬೆಂಗಳೂರಿನ ಹುಡುಗಿ ಇದ್ರೆ ಇವನ್ನ ಬಿಟ್ಟು ಹಾರ್ಕೊಂಡು ಹೋಗ್ಬೇಡಿ. ಫ್ರೆಂಡ್ ಒಬ್ಬ "ನಿಮ್ಮಮ್ಮ ಫುಲ್ ಹಿಟ್ಲರ್ ಕಣೇ" ಅಂತಾನೆ, ಎಲ್ಲರೂ ನಗ್ತಾರೆ, ಅವಳೂ ನಗ್ತಾಳೆ. ಭಾಷಣ ಹೊಡೆಸ್ಬೇಡಿ, ಅವಳು ನಕ್ಕಿದ್ದೇ ಸಾಕು ಮುಂದಿನ ಮೂರು ಚಾಪ್ಟರಿಗೆ. ಹಾಗೇ ನಮ್ಮ ಜಾತಿ ವಿಷಯಕ್ಕೋ ದೇಶ ವಿಭಜನೆಗೋ ಹೋಲಿಸಿ ಪಾಠ ಮಾಡ್ಬೇಡಿ, ಬಾವಿ ನೀರು ಬೇರೆ ಬೆಂಚು ಬೇರೆ ಅಂತ ಕೇಳಿ ಬೆಳೆದ ಹುಡುಗ್ರಿಗೆ ಪಾರ್ಕ್ ಬೆಂಚಿನ ಸೀನ್ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ಭಾಷೆ ವಿಷಯದಲ್ಲಿ ವಿಯೆನ್ನಾದ ಅಮ್ಮ "ಅಯ್ಯೋ ಶಿವನೇ" ಅಂದ್ರೆ ನಗು ಬರತ್ತೆ, "ಓ ನನ್ನ ಪ್ರಿಯ ಪುತ್ರಿಯೇ" ಅಂದ್ರೆ ಡಬ್ಬಿಂಗ್ ಸಿನಿಮಾ. ಸಾದಾ ಮಾತು ಇಡಿ, ಊರಿನ ಬಣ್ಣ ತೀರಾ ಬಳೀಬೇಡಿ. ಆದ್ರೆ ನೀವು, ನೀನು ನಮ್ಮ ಕೈಲಿರೋ ದೊಡ್ಡ ಆಯುಧ, ಜರ್ಮನ್ನಲ್ಲೂ ಈ ಎರಡೂ ಇವೆ. ನಿನ್ನೆವರೆಗೂ "ಡಾಕ್ಟರೇ, ಬನ್ನಿ" ಅಂತಿದ್ದ ವಾಚ್‌ಮನ್ ಇವತ್ತು ಅಪ್ಪನಿಗೆ "ಏಯ್, ನೀನು, ಬಾ ಇಲ್ಲಿ" ಅಂತಾನೆ. ಅಲ್ಲಿ ಹೊಡೆತ ಬಡಿತ ಬೇಕೇ ಇಲ್ಲ. ಹದಿಮೂರು ಹದಿನಾಲ್ಕರ ಓದುಗರಿಗೆ ಹೆಣದ ರಾಶಿ ವರ್ಣಿಸೋದಕ್ಕಿಂತ ರೇಡಿಯೋ ಕಿತ್ಕೊಂಡಿದ್ದು, ಸಾಕಿದ ನಾಯಿ ಬೆಕ್ಕು ಇಟ್ಕೊಳ್ಳಂಗಿಲ್ಲ ಅಂತ 1942ರಲ್ಲಿ ಹುಕುಂ ಬಂದಿದ್ದು, ಪಿಯಾನೋನ ಪಕ್ಕದ ಮನೆಯವರು ಚಿಲ್ಲರೆ ಕಾಸಿಗೆ ತಗೊಂಡಿದ್ದು, ಇವು ಹೆಚ್ಚು ದಿನ ಕಾಡತ್ತೆ. ಕೊನೇಲಿ ಓದುಗರಿಗೆ ಸಮಾಧಾನ ಆಗ್ಲಿ ಅಂತ ಒಬ್ಬ ಒಳ್ಳೆ ನಾಜಿ ಆಫೀಸರನ್ನ ತಂದು ನಿಲ್ಲಿಸೋ ಆಸೆ ಬರತ್ತೆ, ದಯವಿಟ್ಟು ಬೇಡ.

ಗೊತ್ತಿಲ್ಲದ ಜಾಗನ ಏನ್ ಮಾಡೋದು ಅನ್ನೋದು ಕಷ್ಟದ ಪ್ರಶ್ನೆ. ಇವಳ ಮುತ್ತಜ್ಜಿಯ ಅಪ್ಪ ಅಮ್ಮನ್ನ 1942ರಲ್ಲಿ ವಿಯೆನ್ನಾದ ಆಸ್ಪಾಂಗ್ ಸ್ಟೇಷನ್ನಿಂದ ಮಿನ್ಸ್ಕ್ ಹತ್ರದ ಮಾಲಿ ಟ್ರಾಸ್ಟಿನೆಟ್ಸ್‌ಗೆ ಕಳಿಸಿದ್ರು, ಅಲ್ಲಿಗೆ ಹೋದವರನ್ನ ಸಾಮಾನ್ಯವಾಗಿ ತಲುಪಿದ ಕೂಡಲೇ ಕಾಡಲ್ಲಿ ಕೊಂದ್ರು, ಬದುಕಿದವರು ಬೆರಳೆಣಿಕೆ. ಮನೇಲಿ ಉಳಿದಿರೋದು ಟ್ರೈನ್ ಹೊರಟ ತಾರೀಖು ಮಾತ್ರ. ಆ ಕಾಡಿನ ಸೀನ್ ಬರೀಲಾ ಅಂತ ಕೇಳಿದ್ಲು, ಬೇಡ ಅಂದೆ. ನಾಯಕಿ ಇಂಗ್ಲೆಂಡಲ್ಲಿದಾಳೆ, ಅವಳು ನೋಡಿಲ್ಲ, ಮೂರನೇ ಕಾಲಂ ಖಾಲಿ, ಪುಸ್ತಕದಲ್ಲೂ ಖಾಲಿ ಇರ್ಲಿ. ಆ ವರ್ಷ ಅವಳು ಸ್ಕೂಲಿಗೆ ಹೋದ್ಲು, ಉದ್ದ ಆದ್ಲು, ಇಂಗ್ಲಿಷಲ್ಲಿ ಕನಸು ಬೀಳೋಕೆ ಶುರುವಾಯ್ತು, ಪೋಸ್ಟ್‌ಮ್ಯಾನ್ ಬರ್ತಾನೇ ಇದ್ದ. ಬರೆಯೋಕೆ ಅದೇ ಬೇಕಾದಷ್ಟಿದೆ.

ಡ್ರಾಫ್ಟ್ ಮುಗಿದ್ಮೇಲೆ ಹೆಸರುಗಳನ್ನ ಬದಲಾಯಿಸಿ, ಮನೆಯವರು ಅದೇ ಹೆಸರಿರ್ಲಿ ಅಂದ್ರೆ ಮಾತ್ರ ಬಿಡಿ. ಬದುಕಿರೋ ಬಂಧುಗಳಿಗೆ ಕನ್ನಡ ಬರಲ್ಲ ಅಂತ ಸುಮ್ನಿರಬೇಡಿ, ಪ್ರತಿ ಚಾಪ್ಟರಿನ ಸಾರಾಂಶ ಅವರ ಭಾಷೇಲಿ ಕಳಿಸಿ ಒಪ್ಪಿಗೆ ತಗೊಳ್ಳಿ. ಯಹೂದಿ ಆಚರಣೆ ಗೊತ್ತಿರೋ ಒಬ್ಬರ ಹತ್ರ ಓದಿಸಿ, ಶುಕ್ರವಾರ ಸಂಜೆ ದೀಪ ಸೂರ್ಯ ಮುಳುಗೋ ಮುಂಚೆನೇ ಹಚ್ಚಬೇಕು ಅನ್ನೋಂಥದ್ದೆಲ್ಲ ಅವರೇ ಹಿಡಿಯೋದು. ಹದಿನೈದು ವರ್ಷದ ಒಬ್ಬ ಹುಡುಗ ಇಲ್ಲಾ ಹುಡುಗಿ ಹತ್ರಾನೂ ಓದಿಸಿ, ಎಲ್ಲಿ ಫೋನ್ ತೆಗೆದ್ರು ಅಂತ ಗಮನಿಸಿ, ಅಲ್ಲಿ ಕತ್ತರಿ ಹಾಕಿ. ಪುಸ್ತಕದ ಕೊನೇಲಿ ಎರಡು ಪುಟ ಟಿಪ್ಪಣಿ ಇರ್ಲಿ, ಯಾವುದು ನಡೆದಿದ್ದು, ಯಾವುದು ಮನೇಲಿ ಕೇಳಿದ್ದು, ಯಾವುದು ನಾನೇ ಕಟ್ಟಿದ್ದು ಅಂತ ಸೀದಾ ಬರೀಬೇಕು, ಮೂರು ಬಣ್ಣದ ನೋಟ್‌ಬುಕ್ ನೋಡ್ಕೊಂಡು ಬರೆದ್ರೆ ಒಂದು ಮಧ್ಯಾಹ್ನದ ಕೆಲಸ ಅಷ್ಟೇ.