ಗರುಡನ ಪಕ್ಕದ ಚೀಟಿ

ಮೊದಲ ವಾರ, ಬಾಗಿಲ ತನಕ ಬಂದು ವಾಪಸ್ ಹೋದವರನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಎಣಿಸಿದೆ. 41 ಜನ. ಒಳಗೆ ಬಂದವರು 9 ಮಂದಿ. ಅವರಲ್ಲಿ ಮೂವರು ಕುಡಿಯೋಕೆ ನೀರು ಕೇಳಿಕೊಂಡು ಬಂದವರು.

ಬಿ.ಎ. ಎರಡನೇ ವರ್ಷ ಮುಗಿದ ರಜೆ ಅದು. ಕೊಪ್ಪಳದ ಹಳೇ ಓಣಿಯೊಂದರಲ್ಲಿ ಡ್ರಾಯಿಂಗ್ ಮಾಸ್ತರರು ಕೆಲವರು ಸೇರಿ ಸಣ್ಣ ಆರ್ಟ್ ಗ್ಯಾಲರಿ ನಡೆಸುತ್ತಾರೆ. ಹಳೇ ಮನೆ, ಒಂದು ಪಡಸಾಲೆ, ಎರಡು ಕೋಣೆ, ಅಷ್ಟೇ. ಏಪ್ರಿಲ್ ಮತ್ತು ಮೇ ತಿಂಗಳಿಗೆ ಅವರಿಗೆ ಒಬ್ಬರು ವಿದ್ಯಾರ್ಥಿ ಬೇಕಾಗಿತ್ತು. ತಿಂಗಳಿಗೆ 4,000 ರೂಪಾಯಿ. ಬೆಳಿಗ್ಗೆ 7ರಿಂದ 11, ಸಂಜೆ 5ರಿಂದ 8. ನಮ್ಮ ಕಡೆ ಬಿಸಿಲು ಗೊತ್ತಲ್ವಾ? 40 ಡಿಗ್ರಿ ದಾಟಿದ ಮೇಲೆ ಮಧ್ಯಾಹ್ನ ಬಾಗಿಲು ತೆಗೆದಿಟ್ಟರೂ ಯಾರೂ ಬರುವುದಿಲ್ಲ.

ಆ ಬೇಸಿಗೆಯಲ್ಲಿ ಎರಡು ಪ್ರದರ್ಶನ ಒಟ್ಟಿಗೆ ಇದ್ದವು. ಪಡಸಾಲೆಯಲ್ಲಿ ಶಾಲೆ ಮಕ್ಕಳ ಜಲವರ್ಣ ಚಿತ್ರಗಳು. ಒಳಕೋಣೆಗಳಲ್ಲಿ ಹತ್ತಿರದ ಕಿನ್ನಾಳ ಊರಿನ ಚಿತ್ರಗಾರರ, ಅಂದರೆ ಕಟ್ಟಿಗೆ ಗೊಂಬೆ ಮಾಡುವವರ, ಮನೆಗಳಿಂದ ಎರವಲು ತಂದ 18 ಗೊಂಬೆ, ಮೂರ್ತಿಗಳು.

ಚಿತ್ರ ತೂಗು ಹಾಕುವ ಕೆಲಸದಿಂದ ಶುರು ಮಾಡಿದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರಬೇಕು ಎಂದು ಸರ್ ಹೇಳಿಕೊಟ್ಟರು. ನಿಂತವರ ಕಣ್ಣಿಗೆ ಸರಿಯಾಗಿ ಬರುತ್ತದೆ. ಇಲ್ಲಿ ನೋಡುವವರಲ್ಲಿ ಮಕ್ಕಳೇ ಜಾಸ್ತಿ ಅಂತ ನಾವು 130ಕ್ಕೆ ಇಳಿಸಿದೆವು. ಟೇಪ್ ಹಿಡಿದು ನೆಲದಿಂದ ಅಳೆದು ಗುರುತು ಹಾಕುತ್ತಾ ಹೋದೆ. ಆರು ಚಿತ್ರ ಹಾಕಿ ದೂರ ನಿಂತು ನೋಡಿದರೆ ಇಡೀ ಸಾಲು ಒಂದು ಕಡೆ ಜಾರಿದ ಹಾಗಿತ್ತು. ನೀರು ಹರಿದು ಹೋಗಲಿ ಅಂತ ಹಳೇ ಮನೆಯ ಪರಸಿ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಪಕ್ಕದ ಮನೆ ಕಟ್ಟುತ್ತಿದ್ದ ಗೌಂಡಿ ಕಾಕಾ ತಮ್ಮ ಲೆವಲ್ ಪೈಪು ಕೊಟ್ಟರು. ಪಾರದರ್ಶಕ ಪೈಪಿನೊಳಗೆ ನೀರು ತುಂಬಿ ಎರಡು ತುದಿ ಎರಡು ಕಡೆ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಎರಡು ಗುರುತಿನ ನಡುವೆ ದಾರ ಎಳೆದೆ. ಆಮೇಲೆ ನೆಲದ ಕಡೆ ನೋಡಲೇ ಇಲ್ಲ. ಗೋಡೆ ಮಣ್ಣಿನದು, ಮೊಳೆ ನಿಲ್ಲುವುದಿಲ್ಲ. ಮೇಲಿನ ಜಂತಿಯಿಂದ ಕಟ್ಟಿಗೆ ಪಟ್ಟಿ ಇಳಿಬಿಟ್ಟು ಅದಕ್ಕೆ ಚಿತ್ರಗಳನ್ನು ತೂಗು ಹಾಕಿದೆವು.

ಎರಡನೇ ವಾರ ನನ್ನಿಂದ ಒಂದು ತಪ್ಪಾಯಿತು. ಸೆಖೆ ತಡೆಯಲಾಗದೆ, ಬಂದವರಿಗೂ ತಂಪಾಗಲಿ ಅಂತ ಪಡಸಾಲೆಯಲ್ಲಿ ಕೂಲರ್ ಹಚ್ಚಿದೆ. ಸಂಜೆ ಹೊತ್ತಿಗೆ ಹತ್ತಿರದ ಐದು ಜಲವರ್ಣ ಚಿತ್ರಗಳು ಹಪ್ಪಳದ ಹಾಗೆ ಉಬ್ಬಿದ್ದವು. ಕೂಲರ್ ಕೊಡುವುದು ಬರೀ ತಂಪು ಗಾಳಿಯಲ್ಲ, ಒದ್ದೆ ಗಾಳಿ. ಕಾಗದ ಆ ತೇವ ಹೀರಿ ಹಿಗ್ಗುತ್ತದೆ. ನಾನು ನಾಲ್ಕೂ ಮೂಲೆಗೆ ಡಬಲ್ ಟೇಪ್ ಹಾಕಿ ಬಿಗಿದಿದ್ದೆ, ಹಿಗ್ಗೋಕೆ ಜಾಗವೇ ಇರಲಿಲ್ಲ. ಒಂದು ಚಿತ್ರ ಬಿಡಿಸುವಾಗ ಮೂಲೆಯೇ ಟೇಪಿಗೆ ಕಿತ್ತು ಬಂತು. ಏಳನೇ ಕ್ಲಾಸಿನ ಹುಡುಗಿ ಬಿಡಿಸಿದ ಸೂರ್ಯಕಾಂತಿ ಹೊಲ ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಕೂಲರನ್ನು ಹೊರಗಿನ ಕಟ್ಟೆಗೆ ಸಾಗಿಸಿದೆವು. ಚಿತ್ರಗಳನ್ನು ಬಿಳಿ ಕಾಗದಗಳ ನಡುವೆ ಇಟ್ಟು, ಮೇಲೆ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ದಪ್ಪ ಪುಸ್ತಕ ಹೇರಿ ಮೂರು ದಿನ ಬಿಟ್ಟೆ. ತಿರುಗಿ ಹಾಕುವಾಗ ತೆಳು ಕಾಗದದ ಎರಡು ಪಟ್ಟಿ ಮಾಡಿ, ಮೈದಾ ಅಂಟಿನಿಂದ ಮೇಲಂಚಿಗೆ ಮಾತ್ರ ಹಚ್ಚಿದೆ. ಕೆಳಗೆ ಸುಮ್ನೆ ಬಿಟ್ಟೆ. ನನ್ನ ಪ್ರಕಾರ ಡಬಲ್ ಟೇಪ್ ಗ್ಯಾಲರಿಯ ಹೊಸ್ತಿಲು ದಾಟಲೇಬಾರದು. ಆ ಹುಡುಗಿಯ ಮನೆಗೆ ನಾನೇ ಹೋಗಿ ಹರಿದ ಮೂಲೆ ತೋರಿಸಿ ತಪ್ಪಾಯಿತು ಎಂದೆ. ಅವಳು ಮತ್ತೊಂದು ಚಿತ್ರ ಕೊಟ್ಟು ಕಳಿಸಿದಳು.

ಆದರೆ ಬಾಗಿಲಲ್ಲಿ ನಿಂತು ಹೋಗುವವರು ಹಾಗೇ ಹೋಗುತ್ತಿದ್ದರು. ಒಂದು ಸಂಜೆ ವಯಸ್ಸಾದ ಅಮ್ಮ ಒಬ್ಬರು ಒಳಗೆ ಬಂದರು. ಕಿನ್ನಾಳದ ಮೂರ್ತಿಗಳಲ್ಲಿ ಒಂದಾದ ಗರುಡನ ಮುಂದೆ ಬಹಳ ಹೊತ್ತು ನಿಂತು ಕೇಳಿದರು.

"ಯವ್ವಾ, ಇದನ್ನ ಯಾತರಾಗ ಮಾಡ್ಯಾರ?"

ಪಕ್ಕದಲ್ಲೇ ನಾನು ಬರೆದ ಚೀಟಿ ಇತ್ತು. "ಕಿನ್ನಾಳ ಪಾರಂಪರಿಕ ಕಾಷ್ಠಶಿಲ್ಪ. ಮಾಧ್ಯಮ: ಮಿಶ್ರ." ಅವರು ಕೇಳಿದ್ದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಮರುದಿನ ಬಸ್ ಹತ್ತಿ ಕಿನ್ನಾಳಕ್ಕೆ ಹೋದೆ. ಕೊಪ್ಪಳದಿಂದ ಸುಮಾರು 13 ಕಿ.ಮೀ., ಅಷ್ಟು ಹತ್ತಿರ ಇದ್ದೂ ಒಮ್ಮೆಯೂ ಹೋಗಿರಲಿಲ್ಲ. ಗರುಡನನ್ನು ಮಾಡಿದ ಕಾಕಾ ಮನೆ ಮುಂದೆಯೇ ಕೂತು ಕೆಲಸ ಮಾಡುತ್ತಿದ್ದರು. ಮೊದಲು ನನ್ನ ಅಂಗೈಯಲ್ಲಿ ಕಂದು ಬಣ್ಣದ ಒಂದು ಉಂಡೆ ಇಟ್ಟರು. "ಇದು ಕಿಟ್ಟ. ಮೂಸಿ ನೋಡು" ಎಂದರು. ಒದ್ದೆ ಗೋಣಿಚೀಲದ ವಾಸನೆ, ಜೊತೆಗೆ ಸ್ವಲ್ಪ ಹುಳಿ. ಗೋಣಿಯ ನಾರನ್ನು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಕಟ್ಟಿಗೆ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿ ಕಲೆಸಿದರೆ ಕಿಟ್ಟ. ಗೊಂಬೆ ಒಂದೇ ತುಂಡಿನದಲ್ಲ. ಹಗುರ ಕಟ್ಟಿಗೆಯಲ್ಲಿ ಭಾಗಗಳನ್ನು ಬೇರೆ ಬೇರೆ ಕೆತ್ತಿ ಅಂಟಿಸುತ್ತಾರೆ, ಸಂದಿಗೆ ಕಿಟ್ಟ ತುಂಬುತ್ತಾರೆ. ಮೇಲೆ ಹತ್ತಿ ಬಟ್ಟೆಯ ಚೂರು, ಆಮೇಲೆ ಬಿಳಿ ಕಲ್ಲಿನ ಪುಡಿಯ ಲೇಪ. ಎದ್ದು ಕಾಣುವ ಸರ, ಕಿರೀಟದ ಹರಳು ಎಲ್ಲಾ ಆ ಕಲ್ಲುಪುಡಿಯ ಅಂಟಿನಲ್ಲೇ ಎಳೆದದ್ದು. ಕೊನೆಗೆ ಬಣ್ಣ. ಕಿನ್ನಾಳ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ವಸ್ತು ಎಂಬ ಸರ್ಕಾರಿ ಗುರುತು, ಇದೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ಯಾತಕ್ಕೆ ಕೊಟ್ಟಿದ್ದಾರೆ ಅಂತ ತಿಳಿದಿದ್ದು ಆವತ್ತು.

ವಾಪಸ್ ಬಂದು 18 ಚೀಟಿಯನ್ನೂ ಹೊಸದಾಗಿ ಬರೆದೆ. ಇದು ಏನು, ಯಾತರಿಂದ ಮಾಡಿದ್ದು, ಮಾಡಿದವರು ಯಾರು, ಏನು ಹುಡುಕಬೇಕು, ಇಷ್ಟೇ. ಗರುಡನ ಚೀಟಿಯ ಕೊನೇ ಸಾಲು ಹೀಗಿತ್ತು: "ಈ ರೆಕ್ಕೆ ಬೇರೆ ಕೆತ್ತಿ ಅಂಟಿಸಿದ್ದು. ಸಂದಿ ಎಲ್ಲಿದೆ ಹೇಳಿ ನೋಡೋಣ." ಬರೆದದ್ದನ್ನೆಲ್ಲ ಅವ್ವನಿಂದ ಜೋರಾಗಿ ಓದಿಸಿದೆ. ಅವ್ವ ನಾಲ್ಕನೇ ಇಯತ್ತೆ ತನಕ ಓದಿದವಳು. ಅವಳು ಎಲ್ಲಿ ತಡವರಿಸಿದಳೋ ಅಲ್ಲಿ ಪದ ಬದಲಿಸಿದೆ. ಅಕ್ಷರ ದಪ್ಪ ಮಾಡಿಸಿದೆ, ಕನ್ನಡಕ ಮರೆತು ಬಂದವರಿಗೂ ಕಾಣಲಿ ಅಂತ.

ಬಾಗಿಲ ಹತ್ತಿರ ಒಂದು ಸ್ಟೂಲ್ ಇಟ್ಟು ಅದರ ಮೇಲೆ ಕಿಟ್ಟದ ಉಂಡೆ, ಬಣ್ಣ ಹಚ್ಚದ ಒಂದು ಕಟ್ಟಿಗೆ ಕೈ ಇಟ್ಟೆ. "ಮುಟ್ಟಿ ನೋಡ್ರಿ" ಅಂತ ಬರೆದೆ. ಇನ್ನೊಂದು ಬೋರ್ಡಿನಲ್ಲಿ "ಒಳಗ ಬರ್ರಿ. ರೊಕ್ಕ ಇಲ್ಲ. ಚಪ್ಪಲಿ ಹಾಕ್ಕೊಂಡೇ ಬರಬಹುದು" ಎಂದು ಬರೆದೆ. ಎಷ್ಟೋ ಜನ ನಿಲ್ಲುತ್ತಿದ್ದದ್ದು ಈ ಎರಡೇ ಅನುಮಾನಕ್ಕೆ. ಆದರೂ ಒಳಗೆ ದೇವರ ಮೂರ್ತಿ ಇವೆ ಅಂತ ತುಂಬಾ ಜನ ಚಪ್ಪಲಿ ಬಿಟ್ಟೇ ಬಂದರು. ಒಬ್ಬರು ಗರುಡನಿಗೆ ಕುಂಕುಮ ಹಚ್ಚಲು ಕೈ ಚಾಚಿದರು. ಹಚ್ಚಿದರೆ ಬಣ್ಣಕ್ಕೆ ಕಲೆ ಆಗುತ್ತದೆ, ಬೇಡ ಎಂದರೆ ಅವರ ಮನಸ್ಸಿಗೆ ನೋವು. ಓಡಿ ಹೋಗಿ ಒಂದು ತಟ್ಟೆ ತಂದು ಮುಂದೆ ಇಟ್ಟೆ. ಅದರಲ್ಲೇ ಕುಂಕುಮ, ಹೂವು ಹಾಕಿ ಕೈ ಮುಗಿದರು. ಆ ತಟ್ಟೆ ಕೊನೇ ದಿನದವರೆಗೂ ಅಲ್ಲೇ ಇತ್ತು. ಮೇ ಮೂರನೇ ವಾರ ಎಣಿಸಿದಾಗ ಒಳಗೆ ಬಂದವರು 126.

ಮುಗಿಯುವ ಎರಡು ದಿನ ಮುಂಚೆ ಕಿನ್ನಾಳದ ಕಾಕಾ ಬಂದರು. ಚೀಟಿಯಲ್ಲಿ ತಮ್ಮ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಚಲೋ ಬರದಿ ಯವ್ವಾ. ಆದರ ಅಂಟು ಅರೆಯೋದು, ಬಟ್ಟಿ ಹಚ್ಚೋದು, ತಿಕ್ಕಿ ನುಣುಪು ಮಾಡೋದು ಎಲ್ಲಾ ನಮ್ಮ ಮನಿಯಾಕಿ. ಆಕಿ ಹೆಸರೂ ಹಾಕು."

ಮಾಡಿದವರು ಯಾರು ಅಂತ ಬರೆದಾಗ ನಾನು ಒಬ್ಬೊಬ್ಬರ ಹೆಸರನ್ನೇ ಕೇಳಿದ್ದೆ. ಝೆರಾಕ್ಸ್ ಅಂಗಡಿ ಮುಚ್ಚಿತ್ತು. ಗರುಡನ ಚೀಟಿ ಬಿಚ್ಚಿ, ಅವರ ಹೆಸರಿನ ಕೆಳಗೆ ಅವರ ಹೆಂಡತಿಯ ಹೆಸರನ್ನು ಪೆನ್ನಿನಿಂದ ಅದೇ ಗಾತ್ರದ ಅಕ್ಷರದಲ್ಲಿ ಬರೆದೆ. ಕಾಕಾ ಫೋಟೊ ತೆಗೆದುಕೊಂಡರು. ಆಮೇಲೆ ಕಟ್ಟೆ ಮೇಲೆ ಕೂತು ಉಳಿದ 17 ಗೊಂಬೆಗಳ ಮನೆಗಳಿಗೆ ಒಂದೊಂದಾಗಿ ಫೋನ್ ಹಚ್ಚಿದೆ.