ಮರದಲ್ಲಿ ನಡೆಯುವುದನ್ನು ಒಮ್ಮೆ ಬರೆದರೆ ಸಾಕು: ಹ್ಯಾಸ್ಕೆಲ್‌ನ ಫೋಲ್ಡಬಲ್ ಜೊತೆ ನನ್ನ ಅನುಭವ

ಖರ್ಚುವೆಚ್ಚದ ಲೆಕ್ಕ ಇಡುವ ಒಂದು ಪ್ರೋಗ್ರಾಮ್ ಅನ್ನು ನಾನು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇನೆ. ಅದರ ಜೀವಾಳ ಒಂದು ಮರ. ಮೇಲೆ ಮುಖ್ಯ ಬಾಬ್ತು, ಅದರ ಕೆಳಗೆ ಉಪಬಾಬ್ತುಗಳು, ಅವುಗಳ ಕೆಳಗೆ ಇನ್ನಷ್ಟು. ಒಂದು ಕೊಂಬೆಯಲ್ಲಿ ಎರಡೇ ಹಂತ ಇರಬಹುದು, ಇನ್ನೊಂದರಲ್ಲಿ ಏಳೆಂಟು. ಈ ಮರಕ್ಕೆ ಕೇಳುವ ಪ್ರಶ್ನೆಗಳು ಹಲವು. ಒಟ್ಟು ಎಷ್ಟಾಯಿತು? ಎಲ್ಲಕ್ಕಿಂತ ದೊಡ್ಡ ಮೊತ್ತ ಯಾವುದು? ಸೊನ್ನೆಗಿಂತ ಕೆಳಗಿರುವುದು ಎಲ್ಲಾದರೂ ಇದೆಯಾ?

ಹ್ಯಾಸ್ಕೆಲ್ ಭಾಷೆಯಲ್ಲೇ ಸೇರಿಕೊಂಡ ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ರಚನೆ) ಇಲ್ಲ. ಒಂದೊಂದು ಪ್ರಶ್ನೆಗೂ ಒಂದೊಂದು ರಿಕರ್ಸಿವ್ (ತನ್ನನ್ನೇ ಮತ್ತೆ ಕರೆಯುವ) ಫಂಕ್ಷನ್ ಬರೆಯಬಹುದು, ಕೆಲಸ ನಡೆಯುತ್ತದೆ. ಆದರೆ ಅವನ್ನು ಸಾಲಾಗಿ ಇಟ್ಟು ನೋಡಿದರೆ, ಮರದೊಳಗೆ ಇಳಿಯುವ ಭಾಗ ಎಲ್ಲದರಲ್ಲೂ ಒಂದೇ. ಬೇರೆಯಾಗುವುದು ಸಿಕ್ಕಿದ್ದನ್ನು ಕೂಡಿಸುವ ರೀತಿ ಮಾತ್ರ. ಈ ಎರಡನ್ನೂ ಬೇರೆ ಬೇರೆ ಇಡಬೇಕು ಅನ್ನುವುದೇ ನಾನು ಹಿಡಿದ ದಾರಿ.

ಮೊದಲು ಟೈಪ್, ಅಂದರೆ ದತ್ತಾಂಶದ ಬಗೆ. ಮರದ ಗಂಟಿನಲ್ಲಿ (ಒಂದು ಬಾಬ್ತು ಕೂರುವ ನೋಡ್‌ನಲ್ಲಿ) ಮೊತ್ತ ಇರುವ ಜಾಗಕ್ಕೆ ಪೂರ್ಣಾಂಕ ಅಂತ ಬರೆಯದೆ ಒಂದು ಟೈಪ್ ವೇರಿಯಬಲ್ ಇಟ್ಟೆ. ಅಲ್ಲಿ ಮೊತ್ತ ಇರಬಹುದು, ಹೆಸರು ಇರಬಹುದು, ಇನ್ನೂ ಪಾರ್ಸ್ ಆಗದ (ಓದಿ ಸಂಖ್ಯೆಯಾಗಿ ಬದಲಿಸದ) ಪಠ್ಯವೂ ಇರಬಹುದು. ಗಂಟಿನಲ್ಲಿ ಎರಡೇ ಭಾಗ: ಒಂದು ಬೆಲೆ (ವ್ಯಾಲ್ಯೂ), ಮತ್ತೆ ಅದೇ ತರದ ಮರಗಳ ಒಂದು ಪಟ್ಟಿ. ಕಂಟೇನರ್ಸ್ ಎಂಬ ಹ್ಯಾಸ್ಕೆಲ್ ಲೈಬ್ರರಿ ಪ್ಯಾಕೇಜ್‌ನಲ್ಲಿ ಇಂಥದ್ದೇ ಮರ ಸಿದ್ಧವಾಗಿ ಸಿಗುತ್ತದೆ. ನನಗೆ ಮುಂದೆ ಗಂಟಿಗೆ ಬೇರೆ ವಿವರಗಳನ್ನೂ ಸೇರಿಸುವುದಿತ್ತು, ಹಾಗಾಗಿ ನನ್ನದೇ ಬರೆದುಕೊಂಡೆ.

ಆಮೇಲೆ ಫೋಲ್ಡಬಲ್ ಎಂಬ ಟೈಪ್ ಕ್ಲಾಸ್. ಟೈಪ್ ಕ್ಲಾಸ್ ಅಂದರೆ ಹಲವು ಟೈಪ್‌ಗಳು ಒದಗಿಸಬಹುದಾದ ಫಂಕ್ಷನ್‌ಗಳ ಗುಂಪು. ಒಳಗಿರುವ ಬೆಲೆಗಳನ್ನೆಲ್ಲ ಕೂಡಿಸಿ ಒಂದು ಉತ್ತರ ಮಾಡುವುದು ಫೋಲ್ಡಬಲ್‌ನ ಕೆಲಸ. ಅದಕ್ಕೆ ಫೋಲ್ಡ್‌ಮ್ಯಾಪ್ (ಪ್ರತಿ ಬೆಲೆಗೂ ಫಂಕ್ಷನ್ ಹಾಕಿ ಬಂದದ್ದನ್ನು ಸೇರಿಸುವುದು) ಅಥವಾ ಫೋಲ್ಡ್‌ಆರ್ (ಬಲದಿಂದ ಕೂಡಿಸುತ್ತಾ ಬರುವುದು), ಎರಡರಲ್ಲಿ ಒಂದನ್ನು ಕೊಟ್ಟರೆ ಸಾಕು. ನಾನು ಫೋಲ್ಡ್‌ಮ್ಯಾಪ್ ಕೊಟ್ಟೆ. ಒಂದೇ ಸಾಲು: ಗಂಟಿನ ಬೆಲೆಗೆ ಫಂಕ್ಷನ್ ಹಾಕು, ಮಕ್ಕಳ ಪಟ್ಟಿಯ ಮೇಲೆ ಫೋಲ್ಡ್‌ಮ್ಯಾಪ್ ಮಾಡು, ಅದರೊಳಗೆ ಪ್ರತಿ ಮಗುವಿನ ಮೇಲೆ ಮತ್ತೆ ಫೋಲ್ಡ್‌ಮ್ಯಾಪ್ ಮಾಡು, ಎರಡನ್ನೂ ಸೇರಿಸು. ಇಷ್ಟಕ್ಕೆ ಸಮ್ (ಒಟ್ಟು), ಲೆಂತ್ (ಎಣಿಕೆ), ಎಲೆಮ್ (ಇದು ಒಳಗಿದೆಯಾ), ಮ್ಯಾಕ್ಸಿಮಮ್ (ಎಲ್ಲಕ್ಕಿಂತ ದೊಡ್ಡದು), ಟುಲಿಸ್ಟ್ (ಪಟ್ಟಿ ಮಾಡುವುದು) ಎಲ್ಲವೂ ನನ್ನ ಮರದ ಮೇಲೆ ತಾವಾಗಿಯೇ ಕೆಲಸ ಮಾಡತೊಡಗಿದವು. ಮೊದಲ ಸಲ ಇದನ್ನು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆ ಒಂದು ಸಾಲನ್ನೂ ಕಂಪೈಲರ್‌ನಿಂದಲೇ ಬರೆಸಬಹುದು. ಡಿರೈವಿಂಗ್ ಫೋಲ್ಡಬಲ್ ಅಂದರೆ ಮುಗಿಯಿತು. ಆದರೆ ಒಂದು ವಿಷಯ ಗಮನಿಸಿ. ಹಾಗೆ ಬರೆಸಿದಾಗ ನಡೆಯುವ ಕ್ರಮ ಟೈಪ್‌ನಲ್ಲಿ ಫೀಲ್ಡ್‌ಗಳು (ಗಂಟಿನ ಭಾಗಗಳು) ಇರುವ ಕ್ರಮದಂತೆಯೇ ಆಗುತ್ತದೆ. ಬೆಲೆ ಮೊದಲಿದ್ದರೆ ತಾಯಿ ಮೊದಲು, ಮಕ್ಕಳು ಆಮೇಲೆ. ಪಟ್ಟಿ ಮೊದಲಿದ್ದರೆ ಮಕ್ಕಳದ್ದೇ ಮೊದಲು. ವರದಿ ಮುದ್ರಿಸುವಾಗ ಈ ಕ್ರಮ ಮುಖ್ಯ, ಅಲ್ವಾ? ಸುಮ್ನೆ ಚೆನ್ನಾಗಿ ಕಾಣಲಿ ಅಂತ ಫೀಲ್ಡ್‌ಗಳನ್ನು ಹಿಂದೆ ಮುಂದೆ ಮಾಡಬೇಡಿ.

ಇನ್ನು ಕೂಡಿಸುವ ಕಡೆ. ಇಲ್ಲಿ ಕೆಲಸಕ್ಕೆ ಬರುವುದು ಮೊನಾಯ್ಡ್. ಎರಡನ್ನು ಸೇರಿಸಿ ಒಂದು ಮಾಡುವ ಕ್ರಿಯೆ, ಅದರ ಜೊತೆಗೆ ಯಾವುದಕ್ಕೆ ಸೇರಿಸಿದರೂ ಏನನ್ನೂ ಬದಲಿಸದ ಒಂದು ಖಾಲಿ ಬೆಲೆ. ಕ್ರಿಯೆಯಲ್ಲಿ ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ ಬರಬೇಕು. ಈ ಕೊನೆಯ ನಿಯಮಕ್ಕಾಗಿಯೇ ನಾನು ಮೊತ್ತಗಳನ್ನು ದಶಮಾಂಶದಲ್ಲಿ ಇಡದೆ, ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟಿದ್ದೇನೆ. ಫ್ಲೋಟಿಂಗ್ ಪಾಯಿಂಟ್ (ಕಂಪ್ಯೂಟರ್ ದಶಮಾಂಶಗಳನ್ನು ಅಂದಾಜಾಗಿ ಇಡುವ ರೀತಿ) ಸಂಖ್ಯೆಗಳನ್ನು ಕೂಡುವ ಗುಂಪು ಬದಲಾದರೆ ಉತ್ತರ ಚೂರು ಬದಲಾಗಬಹುದು. ಹಣದ ವಿಷಯದಲ್ಲಿ ಅದು ಬೇಡವೇ ಬೇಡ.

ಸಮ್ ಎಂಬ ಹೊದಿಕೆ ಹಾಕಿದರೆ ಒಟ್ಟು ಬರುತ್ತದೆ. ಎನಿ ಹಾಕಿದರೆ ಎಲ್ಲಾದರೂ ಇದೆಯಾ ಎಂಬ ಪ್ರಶ್ನೆಗೆ ಉತ್ತರ. ಮ್ಯಾಕ್ಸ್ ಹಾಕುವಾಗ ಒಂದು ತೊಡಕಿದೆ. ಮಿತಿಯಿಲ್ಲದ ಪೂರ್ಣಾಂಕಕ್ಕೆ ಕನಿಷ್ಠ ಬೆಲೆ ಅಂತ ಇಲ್ಲ, ಆದ್ದರಿಂದ ಖಾಲಿ ಬೆಲೆಯೂ ಇಲ್ಲ. ಅದನ್ನು ಮೇಬಿ (ಬೆಲೆ ಇರಬಹುದು, ಇಲ್ಲದಿರಬಹುದು ಎಂಬ ಟೈಪ್) ಒಳಗೆ ಇಟ್ಟರೆ, ಏನೂ ಇಲ್ಲ ಎಂದು ಹೇಳುವ ನಥಿಂಗ್ ಆ ಜಾಗ ತುಂಬುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಬೇರೆಯೇ. ಎರಡು ಮೊನಾಯ್ಡ್‌ಗಳ ಜೋಡಿಯೂ ಮೊನಾಯ್ಡ್. ಹಾಗಾಗಿ ಒಟ್ಟು ಮೊತ್ತ, ಬಾಬ್ತುಗಳ ಎಣಿಕೆ, ಸೊನ್ನೆಗಿಂತ ಕೆಳಗಿರುವವುಗಳ ಎಣಿಕೆ, ಮೂರನ್ನೂ ಮರವನ್ನು ಒಂದೇ ಸಲ ಸುತ್ತಿ ತರಬಹುದು. ಆದರೆ ಹ್ಯಾಸ್ಕೆಲ್ ಸೋಮಾರಿ ಭಾಷೆ, ಕೇಳುವ ತನಕ ಲೆಕ್ಕ ಮಾಡುವುದಿಲ್ಲ. ಮರ ದೊಡ್ಡದಾದರೆ ಮಾಡದೆ ಬಿಟ್ಟ ಕೂಡಿಕೆಗಳು ಮೆಮೊರಿಯಲ್ಲಿ ರಾಶಿ ಬೀಳುತ್ತವೆ. ಇದಕ್ಕೆ ಕೊನೆಯಲ್ಲಿ ಉದ್ಧರಣ ಚಿಹ್ನೆ ಇರುವ ಫೋಲ್ಡ್‌ಮ್ಯಾಪ್ ಇದೆ, ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಮಾಡಿಸುತ್ತದೆ. ಅದೂ ಹೊರಗಿನ ಪದರವನ್ನಷ್ಟೇ. ಟ್ಯೂಪಲ್‌ನ (ಮೇಲೆ ಹೇಳಿದ ಜೋಡಿಯಂಥದ್ದರ) ಒಳಗಿರುವುದು ಹಾಗೇ ಬಾಕಿ ಉಳಿಯುತ್ತದೆ. ಅದಕ್ಕೇ ನಾನು ಟ್ಯೂಪಲ್ ಬಿಟ್ಟು, ಸ್ಟ್ರಿಕ್ಟ್ (ಬಾಕಿ ಇಡದೆ ಆಗಲೇ ಲೆಕ್ಕ ಮಾಡುವ) ಫೀಲ್ಡ್‌ಗಳಿರುವ ಒಂದು ರೆಕಾರ್ಡ್ ಮಾಡಿ, ಅದಕ್ಕೆ ಕೂಡಿಸುವ ಕ್ರಿಯೆಯನ್ನು ಕೈಯಾರೆ ಬರೆದೆ. ಇದೇ ಕಾರಣಕ್ಕೆ ನಾನು ಎಡದಿಂದ ಕೂಡಿಸುತ್ತಾ ಹೋಗುವ ಫೋಲ್ಡ್‌ಎಲ್ ಬಳಸುವುದಿಲ್ಲ, ಅದರ ಸ್ಟ್ರಿಕ್ಟ್ ರೂಪವನ್ನೇ ಬಳಸುತ್ತೇನೆ. 2024ರಲ್ಲಿ ಬಂದ ಜಿಎಚ್‌ಸಿ (ಹ್ಯಾಸ್ಕೆಲ್ ಕಂಪೈಲರ್) 9.10ರಿಂದ ಅದು ಪ್ರೆಲ್ಯೂಡ್ ಎಂಬ ತಾನಾಗಿಯೇ ಬರುವ ಮಾಡ್ಯೂಲ್‌ನಲ್ಲೇ ಸಿಗುತ್ತದೆ, ಪ್ರತ್ಯೇಕ ಇಂಪೋರ್ಟ್ ಬೇಡ.

ಹೀಗೆ ಹಲವು ಟೈಪ್‌ಗಳಿಗೆ ಹೊಂದುವಂತೆ ಜೆನೆರಿಕ್ ಆಗಿರುವುದಕ್ಕೆ ಬೆಲೆಯೂ ತೆರಬೇಕು. 2015ರ ಜಿಎಚ್‌ಸಿ 7.10ರಲ್ಲಿ ಪ್ರೆಲ್ಯೂಡ್‌ನ ಲೆಂತ್ ಮುಂತಾದವು ಪಟ್ಟಿಗೆ ಮಾತ್ರವಲ್ಲದೆ ಎಲ್ಲ ಫೋಲ್ಡಬಲ್‌ಗಳಿಗೂ ಅನ್ವಯವಾದವು. ಪರಿಣಾಮವಾಗಿ ಎರಡು ಅಂಶಗಳ ಟ್ಯೂಪಲ್‌ನ ಲೆಂತ್ ಕೇಳಿದರೆ 1 ಅನ್ನುತ್ತದೆ. ಫೋಲ್ಡಬಲ್ ಕಣ್ಣಿಗೆ ಎರಡನೆಯ ಅಂಶ ಮಾತ್ರ ಕಾಣುವುದು ಇದಕ್ಕೆ ಕಾರಣ. ಮ್ಯಾಪ್ (ಕೀ ಮತ್ತು ಬೆಲೆಗಳ ಜೋಡಿಗಳ ಸಂಗ್ರಹ) ಮೇಲೆ ನಡೆದರೂ ಹೀಗೆಯೇ, ಬೆಲೆಗಳು ಮಾತ್ರ ಸಿಗುತ್ತವೆ. ಕೀಗಳೂ ಬೇಕಿದ್ದರೆ ಮ್ಯಾಪ್ ಮಾಡ್ಯೂಲ್‌ನ ಫೋಲ್ಡ್‌ಮ್ಯಾಪ್‌ವಿತ್‌ಕೀ ಬಳಸಬೇಕು. ಸೆಟ್‌ನಲ್ಲಿ (ಒಂದೇ ಬೆಲೆ ಎರಡು ಸಲ ಬಾರದ ಸಂಗ್ರಹದಲ್ಲಿ) ಇನ್ನೊಂದು ತೊಡಕಿದೆ. ಫೋಲ್ಡಬಲ್‌ನ ಎಲೆಮ್ ಒಂದೊಂದನ್ನೇ ನೋಡುತ್ತಾ ಹೋಗುತ್ತದೆ. ಸೆಟ್‌ನ ಸ್ವಂತ ಮೆಂಬರ್ ಫಂಕ್ಷನ್ ಕ್ರಮ ಗೊತ್ತಿರುವುದರಿಂದ ಅರ್ಧರ್ಧ ಬಿಟ್ಟು ಬೇಗ ಹುಡುಕುತ್ತದೆ. ದೊಡ್ಡ ಸೆಟ್ ಆದರೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಫೋಲ್ಡಬಲ್ ಮರವನ್ನು ಕರಗಿಸಿ ಒಂದು ಉತ್ತರ ಕೊಡುತ್ತದೆ. ಮರದ ಆಕಾರ ಹಾಗೇ ಉಳಿಯಬೇಕಾದರೆ ಟ್ರಾವರ್ಸಬಲ್ ಎಂಬ ಇನ್ನೊಂದು ಟೈಪ್ ಕ್ಲಾಸ್ ಬೇಕು. ಕಾನರ್ ಮೆಕ್‌ಬ್ರೈಡ್ ಮತ್ತು ರಾಸ್ ಪ್ಯಾಟರ್ಸನ್ 2008ರ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ನನ್ನ ಫೈಲ್‌ನಿಂದ ಓದಿದ ಮೊತ್ತಗಳು ಮೊದಲು ಪಠ್ಯವಾಗಿರುತ್ತವೆ. ಟ್ರಾವರ್ಸಬಲ್‌ನ ಟ್ರಾವರ್ಸ್ ಫಂಕ್ಷನ್‌ಗೆ ಒಂದು ಪಾರ್ಸ್ ಮಾಡುವ ಫಂಕ್ಷನ್ ಕೊಟ್ಟರೆ, ಪಠ್ಯದ ಮರ ಹೋಗಿ ಅದೇ ಆಕಾರದ ಸಂಖ್ಯೆಗಳ ಮರ ಬರುತ್ತದೆ, ಇಲ್ಲವೇ ತಪ್ಪಿನ ಸಂದೇಶ ಬರುತ್ತದೆ. ಐದರ್ (ಉತ್ತರ ಅಥವಾ ತಪ್ಪು, ಎರಡರಲ್ಲಿ ಒಂದು ಇರುವ ಟೈಪ್) ಬಳಸಿದರೆ ಮೊದಲ ತಪ್ಪಿಗೇ ನಿಲ್ಲುತ್ತದೆ. ಲೆಕ್ಕ ತುಂಬಿದವರಿಗೆ ಒಂದೊಂದೇ ತಪ್ಪು ತೋರಿಸಿ ಅಲೆದಾಡಿಸುವುದು ನನಗೆ ಇಷ್ಟವಿರಲಿಲ್ಲ. ಅದರ ಬದಲು ವ್ಯಾಲಿಡೇಶನ್ ಎಂಬ ಅಪ್ಲಿಕೇಟಿವ್ (ಬಿಡಿ ಬಿಡಿ ಫಲಿತಾಂಶಗಳನ್ನು ಸೇರಿಸಲು ಬರುವ ಟೈಪ್) ಹಾಕಿದೆ, ಎಲ್ಲ ತಪ್ಪುಗಳೂ ಒಟ್ಟಿಗೇ ಬಂದವು. ಮರದಲ್ಲಿ ನಡೆಯುವ ಕೋಡ್‌ನಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಪ್ರತಿ ಬಾಬ್ತನ್ನೂ ಮುದ್ರಿಸುವಂಥ ಕೆಲಸಕ್ಕೆ ಮಾತ್ರ ಟ್ರಾವರ್ಸ್ ಬೇಡ. ಹೆಸರಿನ ಕೊನೆಗೆ ಅಡಿಗೆರೆ ಇರುವ ಟ್ರಾವರ್ಸ್ ಬಳಸಿ, ಅದು ಯಾರಿಗೂ ಬೇಡದ ಹೊಸ ಮರವನ್ನು ಕಟ್ಟುತ್ತಾ ಕೂರುವುದಿಲ್ಲ.